ಗುಟ್ಟಿನ ಗುಳಿಗೆ: ಗೃಹಸ್ಥರು ಅರಿತಿರಬೇಕಾದ ಅಪಾಯ

ಪ್ರಮಾಣವನ್ನೂ ಕಾಲವನ್ನೂ ದೇಹಪ್ರಕೃತಿಯನ್ನೂ ಅರಿತು ಸೇವಿಸಿದಾಗ ಔಷಧವು ಅಮೃತ. ಅರಿಯದೆ ಸೇವಿಸಿದಾಗ ಅದೇ ವಿಷ. ನಮ್ಮ ಹಿರಿಯರು ಹೇಳಿಕೊಂಡು ಬಂದ ಮಾತಿದು. ಆದರೆ ಕೆಲವು ಔಷಧಗಳಿಗೆ ಈ ಮೂರರ ಜೊತೆಗೆ ನಾಲ್ಕನೆಯದೊಂದು ಅಪಾಯವೂ ಅಂಟಿಕೊಂಡಿರುತ್ತದೆ. ಅದೇ ಗುಟ್ಟು. ಪುರುಷರ ನಿಮಿರು ದೌರ್ಬಲ್ಯಕ್ಕೆಂದು ಇರುವ ಗುಳಿಗೆಗಳು ಅಂತಹ ಔಷಧಗಳು. ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಇಂತಹ ವಿಷಯವೇ ಎಂದು ಕೆಲವರು ಹುಬ್ಬೇರಿಸಬಹುದು. ಪ್ರಾಣಕ್ಕೆ ಸಂಬಂಧಿಸಿದ ಮಾತಿನಲ್ಲಿ ಸಂಕೋಚಕ್ಕೆ ಎಡೆಯಿಲ್ಲವೆಂಬ ಭಾವನೆಯಿಂದಲೇ ಈ ಲೇಖನವನ್ನು ಬರೆಯುತ್ತಿದ್ದೇನೆ.

ನಮ್ಮ ಲಗ್ಗೆರೆಯು ಪೀಣ್ಯ ಕೈಗಾರಿಕಾ ಪ್ರದೇಶದ ಮಗ್ಗುಲಲ್ಲಿರುವ ಬಡಾವಣೆ. ಲೇತು ಯಂತ್ರಗಳ ಸಣ್ಣ ಕಾರ್ಖಾನೆಗಳಲ್ಲಿ, ಸಿದ್ಧ ಉಡುಪಿನ ಗಿರಣಿಗಳಲ್ಲಿ ದುಡಿಯಲು ನಾಡಿನ ಹಲವು ಜಿಲ್ಲೆಗಳಿಂದ ಬಂದ ತರುಣರು ಇಲ್ಲಿ ಒಂದೊಂದು ಕೋಣೆಯ ಬಾಡಿಗೆ ಮನೆಗಳಲ್ಲಿ ಸಂಸಾರ ಹೂಡಿದ್ದಾರೆ. ಗಂಡನಿಗೆ ರಾತ್ರಿ ಪಾಳಿ, ಹೆಂಡತಿಗೆ ಹಗಲು ಪಾಳಿ. ನಿದ್ರೆ ಅರ್ಧ, ಊಟ ಹೊತ್ತಲ್ಲದ ಹೊತ್ತಿನಲ್ಲಿ. ಇಂತಹ ಬಾಳಿನಲ್ಲಿ ದಾಂಪತ್ಯದ ಉತ್ಸಾಹ ಕುಂದುವುದು ಅಚ್ಚರಿಯಲ್ಲ. ಆದರೆ ಅದನ್ನು ಯಾರೊಡನೆ ಹೇಳಿಕೊಳ್ಳುವುದು? ಮದುವೆ ಗೊತ್ತಾದ ಹುಡುಗನಿಗೆ ಗೆಳೆಯನೊಬ್ಬ ಕಿವಿಯಲ್ಲಿ ಉಸುರಿದ ಸಲಹೆಯೇ ಶಾಸ್ತ್ರವಾಗುತ್ತದೆ. ವೈದ್ಯರ ಚೀಟಿಯಿಲ್ಲದೆ ಕೊಂಡ ಗುಳಿಗೆ ಸಂಬಳದ ಚೀಲದಲ್ಲಿ ಮನೆ ಸೇರುತ್ತದೆ. ಕಾಯಿಲೆಯೇ ಇಲ್ಲದವನು ಕಾಯಿಲೆಯ ಮದ್ದನ್ನು ನುಂಗತೊಡಗುವುದು ಹೀಗೆ.

ಈ ಗುಳಿಗೆಯ ಇತಿಹಾಸವೇ ಒಂದು ಪಾಠ. ಇಂಗ್ಲೆಂಡಿನ ಸ್ಯಾಂಡ್‌ವಿಚ್ ಎಂಬ ಊರಿನಲ್ಲಿದ್ದ ಫೈಜರ್ ಕಂಪನಿಯ ಪ್ರಯೋಗಾಲಯದಲ್ಲಿ ಸಿಲ್ಡೆನಾಫಿಲ್ ಎಂಬ ರಾಸಾಯನಿಕವನ್ನು ಮೊದಲು ಪರೀಕ್ಷಿಸಿದ್ದು ಹೃದಯದ ಎದೆನೋವಿಗಾಗಿ. ಎದೆನೋವಿಗೆ ಅದು ಹೆಚ್ಚು ಪ್ರಯೋಜನಕ್ಕೆ ಬರಲಿಲ್ಲ. ಬೇರೊಂದು ಪರಿಣಾಮ ಮಾತ್ರ ಕಂಡುಬಂದಿತು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 1998ರ ಮಾರ್ಚ್ 27ರಂದು ವಯಾಗ್ರ ಎಂಬ ಹೆಸರಿನಲ್ಲಿ ಅದಕ್ಕೆ ಒಪ್ಪಿಗೆ ನೀಡಿತು. ದೇಹದಲ್ಲಿ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವು ರಕ್ತನಾಳಗಳನ್ನು ಸಡಿಲಗೊಳಿಸುವ ಬಗೆಯನ್ನು ಕಂಡುಹಿಡಿದ ಫರ್ಚ್‌ಗಾಟ್, ಇಗ್ನಾರೊ, ಮುರಾಡ್ ಎಂಬ ಮೂವರಿಗೆ ನೊಬೆಲ್ ಪಾರಿತೋಷಕ ದೊರೆತದ್ದೂ ಅದೇ ವರ್ಷ. ಈ ಗುಳಿಗೆ ಕೆಲಸ ಮಾಡುವುದು ಅದೇ ಮಾರ್ಗದಲ್ಲಿ. ತರುವಾಯ ಟಡಾಲಫಿಲ್ ಮೊದಲಾದ ಅದೇ ಬಗೆಯ ಔಷಧಗಳು ಬಂದವು. ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಏರುವ ಅಪರೂಪದ ಕಾಯಿಲೆಗೆ 2005ರಲ್ಲಿ ಸಿಲ್ಡೆನಾಫಿಲ್‌ಗೂ, ಪ್ರಾಸ್ಟೇಟ್ ಗ್ರಂಥಿಯ ಊತದ ತೊಂದರೆಗೆ 2011ರಲ್ಲಿ ಟಡಾಲಫಿಲ್‌ಗೂ ಆ ದೇಶದಲ್ಲಿ ಒಪ್ಪಿಗೆ ಸಿಕ್ಕಿತು. ಆದುದರಿಂದ ಈ ಔಷಧವನ್ನು ಕೆಟ್ಟದ್ದೆಂದು ಜರೆಯುವುದು ತಪ್ಪು. ಯೋಗ್ಯ ವೈದ್ಯರ ಕಣ್ಗಾವಲಿನಲ್ಲಿ ಎಷ್ಟೋ ದಂಪತಿಗಳಿಗೆ ಅದು ನೆಮ್ಮದಿ ತಂದಿದೆ.

ಹಾಗಾದರೆ ಅಪಾಯವೆಲ್ಲಿ? ನಮ್ಮ ಕೆರೆಗಳ ಉದಾಹರಣೆಯಿಂದ ಇದನ್ನು ತಿಳಿಯಬಹುದು. ರಕ್ತನಾಳವನ್ನು ಸಡಿಲಿಸುವ ಒಂದು ಪದಾರ್ಥವನ್ನು ದೇಹವು ತಾನೇ ಹುಟ್ಟಿಸುತ್ತದೆ, ಕೆಲಸ ಮುಗಿದೊಡನೆ ತಾನೇ ಅದನ್ನು ಕರಗಿಸುತ್ತದೆ. ಈ ಕರಗಿಸುವ ಕೆಲಸವನ್ನು ಗುಳಿಗೆಯು ತಡೆಯುತ್ತದೆ. ಎಂದರೆ ಕೆರೆಯ ಕೋಡಿಯನ್ನು ಮುಚ್ಚುತ್ತದೆ. ಹೃದ್ರೋಗಿಗಳು ಎದೆನೋವು ಬಂದಾಗ ನಾಲಗೆಯ ಕೆಳಗೆ ಇಟ್ಟುಕೊಳ್ಳುವ ಸಾರ್ಬಿಟ್ರೇಟ್ ಮುಂತಾದ ನೈಟ್ರೇಟ್ ಮಾತ್ರೆಗಳು ಅದೇ ಪದಾರ್ಥವನ್ನು ಹೊಳೆಯಂತೆ ಹರಿಸುತ್ತವೆ. ಒಂದೆಡೆ ಹೊಳೆ ಹರಿದು ಬರುತ್ತಿದೆ, ಇನ್ನೊಂದೆಡೆ ಕೋಡಿ ಮುಚ್ಚಿದೆ. ಏರಿ ಒಡೆಯದೆ ಇದ್ದೀತೆ? ರಕ್ತದೊತ್ತಡವು ಒಮ್ಮೆಗೇ ಕುಸಿದು, ಮಿದುಳಿಗೂ ಹೃದಯಕ್ಕೂ ರಕ್ತ ಸಾಲದೆ ಪ್ರಾಣವೇ ಹೋಗಬಹುದು. ಆದ್ದರಿಂದಲೇ ಸಿಲ್ಡೆನಾಫಿಲ್ ನುಂಗಿದ 24 ಗಂಟೆಗಳವರೆಗೆ, ಟಡಾಲಫಿಲ್ ನುಂಗಿದ 48 ಗಂಟೆಗಳವರೆಗೆ ನೈಟ್ರೇಟ್ ಕೊಡಬಾರದೆಂದು ವೈದ್ಯರು ನಿಯಮ ಮಾಡಿಕೊಂಡಿದ್ದಾರೆ.

ಗುಟ್ಟು ಕೊಲ್ಲುವುದು ಇಲ್ಲಿಯೇ. ನಡುರಾತ್ರಿಯಲ್ಲಿ ಮನೆಯ ಯಜಮಾನನಿಗೆ ಎದೆನೋವು ಬಂದಿತೆನ್ನಿ. ಪಕ್ಕದ ಮನೆಯ ಹಿರಿಯರು ತಮ್ಮ ಸಾರ್ಬಿಟ್ರೇಟ್ ಮಾತ್ರೆಯನ್ನು ತಂದು ಅವನ ನಾಲಗೆಯಡಿ ಇಡುತ್ತಾರೆ. ಅದು ಅವರ ಒಳ್ಳೆಯತನ. ಎರಡು ಗಂಟೆಗಳ ಹಿಂದೆ ಅವನು ಏನು ನುಂಗಿದ್ದನೆಂಬುದು ಅವರಿಗೆ ಗೊತ್ತಿಲ್ಲ, ಹೆಂಡತಿಗೂ ಗೊತ್ತಿಲ್ಲ, ಆಸ್ಪತ್ರೆಯ ವೈದ್ಯರಿಗೂ ಗೊತ್ತಿಲ್ಲ. ಗೊತ್ತಿದ್ದವನೊಬ್ಬ ಮಾತನಾಡುವ ಸ್ಥಿತಿಯಲ್ಲಿಲ್ಲ, ಇಲ್ಲವೇ ನಾಚಿಕೆಯಿಂದ ಬಾಯಿ ಬಿಡುವುದಿಲ್ಲ.

ರಕ್ತದೊತ್ತಡಕ್ಕೂ ಪ್ರಾಸ್ಟೇಟ್ ತೊಂದರೆಗೂ ಕೊಡುವ ಪ್ರಾಜೋಸಿನ್, ಟ್ಯಾಮ್ಸುಲೋಸಿನ್‌ನಂತಹ ಕೆಲವು ಮಾತ್ರೆಗಳ ಜೊತೆಗೂ ಇದೇ ಬಗೆಯ ಕುಸಿತದ ಭಯವಿದೆ. ಮದ್ಯದೊಡನೆ ಸೇರಿದರೆ ತಲೆ ಸುತ್ತಿ ಬೀಳುವ ಸಂಭವ ಹೆಚ್ಚು. ತಲೆನೋವು, ಮುಖ ಕೆಂಪೇರುವುದು, ಮೂಗು ಕಟ್ಟುವುದು, ಕಣ್ಣಿಗೆ ನೀಲಿ ಛಾಯೆ ಕಾಣುವುದು ಇವು ಸಾಮಾನ್ಯವಾಗಿ ಹೇಳುವ ತೊಂದರೆಗಳು. ಅಪರೂಪಕ್ಕೆ ದೃಷ್ಟಿ ಅಥವಾ ಶ್ರವಣಶಕ್ತಿ ಹಠಾತ್ತನೆ ಹೋದದ್ದೂ ಉಂಟು. ನಿಮಿರುವಿಕೆಯು 4 ಗಂಟೆಗಳಿಗಿಂತ ಹೆಚ್ಚು ಕಾಲ ಇಳಿಯದಿದ್ದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು; ನಾಚಿ ಬೆಳಗಿನವರೆಗೆ ಕಾದರೆ ಅಂಗಕ್ಕೆ ಶಾಶ್ವತ ಹಾನಿಯಾಗುತ್ತದೆ.

ಒಪ್ಪಿಗೆಯಿಲ್ಲದ ಉದ್ದೇಶಗಳಿಗೆ ಈ ಗುಳಿಗೆಯನ್ನು ಬಳಸುವ ಚಾಳಿ ಹಲವು ರೂಪಗಳಲ್ಲಿದೆ. ಆರೋಗ್ಯವಂತ ಯುವಕರು ಶಕ್ತಿ ಪ್ರದರ್ಶನಕ್ಕೆಂದು ನುಂಗುವುದು ಒಂದು. ಇಲ್ಲದ ದೌರ್ಬಲ್ಯಕ್ಕೆ ಮದ್ದು ಹುಡುಕಿದವನು ಕೆಲವು ತಿಂಗಳಲ್ಲಿ ಗುಳಿಗೆಯಿಲ್ಲದೆ ತನ್ನಿಂದ ಆಗದೆಂಬ ಅಳುಕಿಗೆ ಬೀಳುತ್ತಾನೆ. ದೇಹಕ್ಕೆ ಇಲ್ಲದಿದ್ದ ರೋಗ ಮನಸ್ಸಿಗೆ ಅಂಟುತ್ತದೆ. ವ್ಯಾಯಾಮಶಾಲೆಗಳಲ್ಲಿ ಸ್ನಾಯು ಉಬ್ಬಿ ಕಾಣಲೆಂದು ಟಡಾಲಫಿಲ್ ನುಂಗುವುದು ಇನ್ನೊಂದು. ಭಾರ ಎತ್ತುವಾಗ ರಕ್ತದೊತ್ತಡ ಏರಿಳಿಯುವ ದೇಹಕ್ಕೆ ಇದು ಹೊರಗಿನಿಂದ ಹೇರಿದ ಮತ್ತೊಂದು ಹೊರೆ. ಕೇದಾರದಂತಹ ಎತ್ತರದ ಕ್ಷೇತ್ರಗಳಿಗೆ ಯಾತ್ರೆ ಹೊರಟವರು ಉಸಿರಾಟ ಸರಾಗವಾಗಲೆಂದು ತಾವಾಗಿಯೇ ನುಂಗುವುದು ಮೂರನೆಯದು. ವೈದ್ಯರು ಆಯ್ದ ಕೆಲವರಿಗೆ ಹಾಗೆ ಕೊಡುವುದುಂಟು. ಆದರೆ ಎತ್ತರದ ಬಾಧೆಯಿಂದ ಬರುವ ತಲೆನೋವೂ ಗುಳಿಗೆಯಿಂದ ಬರುವ ತಲೆನೋವೂ ಒಂದೇ ತೆರನಾಗಿ ಕಾಣುವುದರಿಂದ, ತಾನೇ ವೈದ್ಯನಾದ ಯಾತ್ರಿಕನು ಕೆಳಗಿಳಿಯಬೇಕಾದ ಹೊತ್ತಿನಲ್ಲಿ ಮೇಲಕ್ಕೆ ಹತ್ತುತ್ತಾನೆ.

ತಾಯಂದಿರು ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ಗರ್ಭದಲ್ಲಿ ಮಗು ಸರಿಯಾಗಿ ಬೆಳೆಯದಿದ್ದಾಗ, ಗರ್ಭಕ್ಕೆ ರಕ್ತ ಹೆಚ್ಚು ಹರಿಯಲೆಂದು ಇದೇ ಸಿಲ್ಡೆನಾಫಿಲನ್ನು ಕೊಟ್ಟು ನೋಡುವ ಆಲೋಚನೆ ಹಲವು ದೇಶಗಳ ವೈದ್ಯರಲ್ಲಿ ಹುಟ್ಟಿತು. ನಮ್ಮ ದೇಶದಲ್ಲಿಯೂ ಕೆಲವು ವೈದ್ಯರು ಹೀಗೆ ಕೊಟ್ಟಿದ್ದಾರೆ. ಉದ್ದೇಶ ಕರುಣೆಯದೇ. ಆದರೆ ನೆದರ್ಲೆಂಡ್ಸ್ ದೇಶದ ಆಸ್ಪತ್ರೆಗಳಲ್ಲಿ ಇದನ್ನು ಶಾಸ್ತ್ರೀಯವಾಗಿ ಪರೀಕ್ಷಿಸುತ್ತಿದ್ದಾಗ ನಡೆದುದೇನು? ಗುಳಿಗೆ ಪಡೆದ 93 ತಾಯಂದಿರ ಮಕ್ಕಳಲ್ಲಿ 17 ಶಿಶುಗಳಿಗೆ ಶ್ವಾಸಕೋಶದ ತೊಂದರೆ ಕಂಡಿತು. ಅವರಲ್ಲಿ 11 ಶಿಶುಗಳು ತೀರಿಕೊಂಡವು. ಗುಳಿಗೆ ಪಡೆಯದ ಗುಂಪಿನಲ್ಲಿ ಅಂತಹ ತೊಂದರೆಯಾದದ್ದು 3 ಶಿಶುಗಳಿಗೆ, ಅದರಿಂದ ಸಾವು ಒಂದೂ ಇಲ್ಲ. 2018ರ ಜುಲೈ ತಿಂಗಳಲ್ಲಿ ಆ ಪರೀಕ್ಷೆಯನ್ನು ಅರ್ಧದಲ್ಲಿಯೇ ನಿಲ್ಲಿಸಲಾಯಿತು. ಬಲ್ಲವರು ಎಚ್ಚರದಿಂದ ಲೆಕ್ಕವಿಟ್ಟು ನೋಡುತ್ತಿದ್ದುದರಿಂದಲೇ ಅಪಾಯ ಬಯಲಾಯಿತು. ಲೆಕ್ಕವಿಡುವವರೇ ಇಲ್ಲದೆಡೆ ಇಂತಹ ಸಾವುಗಳು ವಿಧಿಯ ಹೆಸರಿಗೆ ಜಮೆಯಾಗುತ್ತವೆ.

ಗುಳಿಗೆಯಲ್ಲವೇ ಅಪಾಯ, ಗಿಡಮೂಲಿಕೆಯಾದರೆ ಬಾಧೆಯಿಲ್ಲವೆಂದು ನಂಬಿದವರು ಮತ್ತೊಂದು ಬಲೆಗೆ ಬೀಳುತ್ತಾರೆ. ಹೆದ್ದಾರಿಯ ಬದಿಯ ಡೇರೆಗಳಲ್ಲಿ, ಗೋಡೆಬರಹಗಳಲ್ಲಿ ಸಾರುವ ಚೂರ್ಣ, ಲೇಹ್ಯಗಳ ಒಳಗೆ ಏನಿದೆಯೆಂದು ಕೊಂಡವನಿಗೆ ತಿಳಿಯುವ ದಾರಿಯಿಲ್ಲ. ಮೂಲಿಕೆಯ ಹೆಸರಿನ ಇಂತಹ ಸರಕಿನಲ್ಲಿ ಸಿಲ್ಡೆನಾಫಿಲನ್ನೇ ಅರೆದು ಬೆರೆಸಿರುವುದನ್ನು ಅನೇಕ ದೇಶಗಳ ಔಷಧ ಅಧಿಕಾರಿಗಳು ಪತ್ತೆಹಚ್ಚಿದ್ದಾರೆ. ಸಿಂಗಪುರದಲ್ಲಿ 2008ರ ಮೊದಲ ಐದು ತಿಂಗಳಲ್ಲಿ ಸಕ್ಕರೆ ಕಾಯಿಲೆಯಿಲ್ಲದ 150 ಜನರು ರಕ್ತದ ಸಕ್ಕರೆ ಪಾತಾಳಕ್ಕಿಳಿದು ಆಸ್ಪತ್ರೆ ಸೇರಿದರು. 4 ಮಂದಿ ಮೃತರಾದರು. ಶೋಧಿಸಿದಾಗ, ಕಳ್ಳದಾರಿಯಲ್ಲಿ ಮಾರುತ್ತಿದ್ದ ಪುರುಷಶಕ್ತಿಯ ಮದ್ದುಗಳಲ್ಲಿ ಮಧುಮೇಹದ ಗ್ಲೈಬೆನ್‌ಕ್ಲಮೈಡ್ ಔಷಧ ಬೆರೆತಿದ್ದುದು ಗೊತ್ತಾಯಿತು. ದಾಂಪತ್ಯ ಸುಖದ ಸಾಮರ್ಥ್ಯವನ್ನು ಹೆಚ್ಚಿಸುತ್ತೇವೆಂದು ಔಷಧಗಳ ಜಾಹೀರಾತು ಮಾಡುವುದನ್ನು ನಮ್ಮ ದೇಶದ 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯಿದೆ ನಿಷೇಧಿಸಿದೆ. ಗೋಡೆಯ ಮೇಲಿನ ಬರಹವೇ ಕಾನೂನಿಗೆ ವಿರುದ್ಧವಾಗಿರುವಾಗ ಡಬ್ಬಿಯೊಳಗಿನ ಪುಡಿ ಪ್ರಾಮಾಣಿಕವಾಗಿದ್ದೀತೆ?

ಇವೆಲ್ಲಕ್ಕಿಂತ ಸೂಕ್ಷ್ಮವಾದ ಹಾನಿಯೊಂದನ್ನು ಕಡೆಯಲ್ಲಿ ಹೇಳುತ್ತೇನೆ. ನಿಮಿರು ದೌರ್ಬಲ್ಯವು ಅನೇಕರಲ್ಲಿ ಹೃದ್ರೋಗದ ಮುನ್ಸೂಚನೆ. ಆ ಅಂಗದ ರಕ್ತನಾಳಗಳು ಹೃದಯದ ನಾಳಗಳಿಗಿಂತ ಕಿರಿದಾದುದರಿಂದ, ಕೊಬ್ಬು ಕಟ್ಟುವ ದೋಷ ಅಲ್ಲಿ ಮೊದಲು ತೋರುತ್ತದೆ. ಎದೆನೋವು ಬರುವುದು ಎಷ್ಟೋ ವೇಳೆ ಕೆಲವು ವರ್ಷಗಳ ಬಳಿಕ. ಪತ್ತೆಯಾಗದ ಮಧುಮೇಹ, ಏರಿದ ರಕ್ತದೊತ್ತಡ, ಧೂಮಪಾನ, ಮನಸ್ಸಿನ ಖಿನ್ನತೆ ಇವೂ ಹಾಗೆಯೇ ತಲೆದೋರುತ್ತವೆ. ದೇಹವು ಹೀಗೆ ಕೂಗಿ ಎಚ್ಚರಿಸುತ್ತಿರುವಾಗ ಗುಟ್ಟಾಗಿ ಗುಳಿಗೆ ನುಂಗಿದವನು ಆ ಕೂಗಿನ ಬಾಯಿ ಮುಚ್ಚುತ್ತಾನೆ. ಸಕ್ಕರೆ, ಕೊಬ್ಬು, ರಕ್ತದೊತ್ತಡಗಳ ಪರೀಕ್ಷೆ ಆಗಲೇ ನಡೆದಿದ್ದರೆ ಬದುಕಿ ಉಳಿಯುತ್ತಿದ್ದವನು ಹೃದಯಾಘಾತದ ದಿನದವರೆಗೆ ತಾನು ಆರೋಗ್ಯವಂತನೆಂದೇ ಭ್ರಮಿಸಿರುತ್ತಾನೆ.

ಆದುದರಿಂದ ಓದುಗ ಬಂಧುಗಳಲ್ಲಿ ಕೆಲವು ವಿನಂತಿಗಳು. ತೊಂದರೆಯಿದ್ದವರು ಮೊದಲು ಎಂ.ಬಿ.ಬಿ.ಎಸ್. ಓದಿದ ವೈದ್ಯರ ಬಳಿಗೆ ಹೋಗಲಿ. ನಮ್ಮ ಭಾಗದ ಕಾರ್ಮಿಕರಿಗೆ ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆ ದೂರವಿಲ್ಲ, ವಿಮೆಯ ಚೀಟಿ ಇದ್ದವರು ಸಂಕೋಚಪಡಬೇಕಾಗಿಲ್ಲ. ಹೃದ್ರೋಗಕ್ಕೆ ಔಷಧ ತೆಗೆದುಕೊಳ್ಳುತ್ತಿರುವವರು ಅದರ ಪಟ್ಟಿಯನ್ನು ಜೇಬಿನಲ್ಲಿ ಇಟ್ಟುಕೊಳ್ಳಲಿ. ಮನೆಯಲ್ಲಿ ಯಾರಿಗಾದರೂ ಎದೆನೋವು ಬಂದರೆ 108ಕ್ಕೆ ಕರೆ ಮಾಡಿರಿ. ಇನ್ನೊಬ್ಬರ ಸಾರ್ಬಿಟ್ರೇಟ್ ಮಾತ್ರೆಯನ್ನು ವೈದ್ಯರನ್ನು ಕೇಳದೆ ಬಾಯಿಗೆ ಹಾಕಬೇಡಿರಿ. ಇಂತಹ ಗುಳಿಗೆ ನುಂಗಿದ್ದರೆ ಅದನ್ನೂ ನುಂಗಿದ ಹೊತ್ತನ್ನೂ ವೈದ್ಯರಿಗೆ ಮೊದಲ ಮಾತಿನಲ್ಲಿಯೇ ತಿಳಿಸಿರಿ. ಅವರು ಅಪಹಾಸ್ಯ ಮಾಡುವುದಿಲ್ಲ. ಬೇರೆ ಮದ್ದನ್ನು ಆರಿಸಿಕೊಳ್ಳುತ್ತಾರೆ.

ಮದುವೆಯಾಗಲಿರುವ ಮಗನೊಡನೆ ತಂದೆಯು, ಅಥವಾ ಸೋದರಮಾವನು, ಒಂದು ಸಂಜೆ ಕುಳಿತು ಈ ವಿಷಯವನ್ನು ಮಾತನಾಡಿದರೆ ಆ ಮನೆಯ ಮರ್ಯಾದೆಗೆ ಕುಂದಾಗದು. ಗಂಡನು ಹೆಂಡತಿಗೆ ಹೇಳಿಯೇ ಮಾತ್ರೆ ನುಂಗಲಿ. ಅವಳಿಗೆ ತಿಳಿದಿರುವ ಆ ಒಂದು ಸಂಗತಿ ನಡುರಾತ್ರಿಯ ಆಸ್ಪತ್ರೆಯಲ್ಲಿ ಅವನ ಪ್ರಾಣವನ್ನು ಉಳಿಸೀತು.