ತೆಪ್ಪದ ನಾಡಿನಲ್ಲಿ ಮೋಟಾರು ದೋಣಿಯ ಜೀರ್ಣೋದ್ಧಾರ

ಕಾವೇರಿ, ಲಕ್ಷ್ಮಣತೀರ್ಥ, ಕಬಿನಿಯೆಂದೂ ಕರೆಯಲಾಗುವ ಕಪಿಲೆ ಎಂಬ ಮೂರು ನದಿಗಳ ಆಶ್ರಯದಲ್ಲಿ ಹರಡಿಕೊಂಡಿರುವ ಪಿರಿಯಾಪಟ್ಟಣ, ಹುಣಸೂರು, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಸೀಮೆಯು ಹೊಗೆಸೊಪ್ಪಿಗೂ ತೇಗದ ಕಾಡಿಗೂ ಪ್ರಸಿದ್ಧವಾದುದೇ ಹೊರತು ನೌಕೆಗಳಿಗೆ ಪ್ರಸಿದ್ಧವಾದುದಲ್ಲ. ಇಲ್ಲಿಯ ಜನ ತಲೆತಲಾಂತರದಿಂದ ಹೊಳೆ ದಾಟಿದುದು ಬಿದಿರಿನ ತೆಪ್ಪದಲ್ಲಿ. ಯಂತ್ರದಿಂದ ನಡೆಯುವ ದೋಣಿಯಾದರೋ, ಅಣೆಕಟ್ಟುಗಳ ಹಿಂದೆ ನೀರು ನಿಂತು ಕಣ್ಣು ಹಾಯುವವರೆಗೂ ಹಬ್ಬಿದ ಮೇಲೆ ಬಂದುದು. 1911ರಲ್ಲಿ ಆರಂಭವಾಗಿ 1932ರಲ್ಲಿ ಮುಗಿದ ಕನ್ನಂಬಾಡಿ ಕಟ್ಟೆಯು ತನ್ನ ಹಿನ್ನೀರನ್ನು ಕೃಷ್ಣರಾಜನಗರದ ಕಡೆಗೆ ಚಾಚಿತು; 1974ರಲ್ಲಿ ಬಿದರಹಳ್ಳಿ ಬೀಚನಹಳ್ಳಿಗಳ ನಡುವೆ ಸಿದ್ಧವಾದ ಕಬಿನಿ ಕಟ್ಟೆಯು ಕಾಕನಕೋಟೆ ಕಾಡಿನ ಒಂದು ಭಾಗವನ್ನೇ ಮುಳುಗಿಸಿಕೊಂಡಿತು. 1980ರಲ್ಲಿ ಸ್ಥಾಪಿತವಾದ ಜಂಗಲ್ ಲಾಡ್ಜಸ್ ಸಂಸ್ಥೆಯು ಅದೇ ಹಿನ್ನೀರಿನ ದಂಡೆಯ ಕಾರಾಪುರದಲ್ಲಿ ಬೀಡುಬಿಟ್ಟು, ಪ್ರವಾಸಿಗರನ್ನು ದೋಣಿಯಲ್ಲಿ ಕೂರಿಸಿ ಆನೆಯ ಹಿಂಡುಗಳನ್ನು ತೋರಿಸುವ ಪರಿಪಾಠವನ್ನು ಬೆಳೆಸಿತು.

ಯಂತ್ರವಿದ್ದೆಡೆಯಲ್ಲಿ ಕೆಟ್ಟ ಯಂತ್ರವೂ ಇದ್ದೇ ತೀರಬೇಕು. ಒಡೆಯನ ಉತ್ಸಾಹ ಬತ್ತಿದ ಬಳಿಕ ತೋಟದ ಮೂಲೆಯಲ್ಲೊ ನೀರಿನ ದಡದಲ್ಲೊ ಮಳೆ ಬಿಸಿಲುಗಳಿಗೆ ಮೈಯೊಡ್ಡಿ ಬಿದ್ದಿರುವ ಹಳೆಯ ಮೋಟಾರು ದೋಣಿಯನ್ನು ಕಂಡಾಗ, ಹೊಸದರ ಬೆಲೆಯ ಅಲ್ಪಾಂಶಕ್ಕೆ ಇದನ್ನು ಕೊಂಡು ಮತ್ತೆ ನೀರಿಗಿಳಿಸಬಾರದೇಕೆ ಎಂಬ ಆಲೋಚನೆ ಕೈಗೆಲಸದಲ್ಲಿ ರುಚಿಯುಳ್ಳ ಯಾರಿಗಾದರೂ ಬರುವುದು ಸಹಜ. ಆ ಆಲೋಚನೆ ಅಸಾಧ್ಯವಾದುದೇನೂ ಅಲ್ಲ. ಆದರೆ ಅದು ಕೈಗೂಡಬೇಕಾದರೆ ಹಣಕ್ಕಿಂತ ಮೊದಲು ಕ್ರಮ ಬೇಕು. ಆ ಕ್ರಮವನ್ನು ಕಲಿಯಲು ನಾವು ದೂರ ಹೋಗಬೇಕಾಗಿಲ್ಲ, ನಮ್ಮ ತೆಪ್ಪದವರು ಅದನ್ನು ಶತಮಾನಗಳಿಂದ ಆಚರಿಸುತ್ತ ಬಂದಿದ್ದಾರೆ.

1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್, ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮದ ಹೊದಿಕೆಯುಳ್ಳ ದುಂಡನೆಯ ಬುಟ್ಟಿದೋಣಿಗಳು ಹದಿನೈದಿಪ್ಪತ್ತು ಜನರನ್ನು ಹೊತ್ತು ಹೊಳೆ ದಾಟುತ್ತಿದ್ದುದನ್ನು ವಿಸ್ಮಯದಿಂದ ಬರೆದಿಟ್ಟಿದ್ದಾನೆ. ಇಂದು ಚರ್ಮ ಹೋಗಿ ಪ್ಲಾಸ್ಟಿಕ್ ಹಾಳೆಯೂ ಟಾರೂ ಬಂದಿವೆ. ಆದರೆ ತೆಪ್ಪದವನ ನಡೆವಳಿಕೆ ಬದಲಾಗಿಲ್ಲ. ಕೆಲಸ ಮುಗಿದೊಡನೆ ಅವನು ತೆಪ್ಪವನ್ನು ನೀರಿನಿಂದ ಮೇಲಕ್ಕೆತ್ತಿ ಬೋರಲು ಹಾಕಿ ಒಣಗಿಸುತ್ತಾನೆ. ಹೊದಿಕೆ ಹರಿದಲ್ಲಿ ತಡಮಾಡದೆ ತೇಪೆ ಹಚ್ಚುತ್ತಾನೆ. ಬಿದಿರು ಸವೆದರೆ ಹೊಸದಾಗಿ ಹೆಣೆಯುತ್ತಾನೆ. ಅವನ ದೃಷ್ಟಿಯಲ್ಲಿ ದೋಣಿಯೆಂಬುದು ಒಮ್ಮೆ ಕೊಂಡು ಮುಗಿಯುವ ಪದಾರ್ಥವಲ್ಲ, ಋತುಋತುವಿಗೂ ಮಾಡಬೇಕಾದ ಕೆಲಸ. ಮೋಟಾರು ದೋಣಿಯನ್ನು ಕೊಂಡ ನಾವಾದರೋ ಅದನ್ನು ನಿಲ್ಲುವವರೆಗೆ ಓಡಿಸಿ, ನಿಂತ ಮೇಲೆ ಬಿಟ್ಟುಬಿಡುವ ವಸ್ತುವೆಂದು ಭಾವಿಸಿದೆವು. ಜೀರ್ಣೋದ್ಧಾರವು ಯಶಸ್ವಿಯಾಗುವುದೂ ವ್ಯರ್ಥವಾಗುವುದೂ ಈ ಎರಡು ಮನೋಧರ್ಮಗಳಲ್ಲಿ ಯಾವುದನ್ನು ನಾವು ಹಿಡಿಯುತ್ತೇವೆ ಎಂಬುದರ ಮೇಲೆ ನಿಂತಿದೆ.

ಕೊಳ್ಳುವ ಮೊದಲು

ಉಪೇಕ್ಷಿತವಾದ ದೋಣಿಯನ್ನು ಹಾಳುಮಾಡುವುದು ಅಲೆಯಲ್ಲ, ಅದರೊಳಗೆ ನಿಂತ ಮಳೆನೀರು. ಹೊದಿಕೆಯಿಲ್ಲದೆ ಒಂದೆರಡು ಮಳೆಗಾಲ ಕಳೆದ ದೋಣಿಯಲ್ಲಿ ನೀರು ಅಡಿಹಲಗೆಯ ಕೆಳಗಿಳಿದು, ಅಲ್ಲಿ ತುಂಬಿರುವ ಫೋಮನ್ನು ನೆನೆಸಿ, ಮರದ ದಿಂಡುಗಳನ್ನು ಕೊಳೆಯಿಸುತ್ತದೆ. ಹೊರಗಿನ ಬಣ್ಣವಾದರೋ ಅಚ್ಚುಕಟ್ಟಾಗಿಯೇ ಕಾಣುತ್ತಿರಬಹುದು. ಆದುದರಿಂದ ಮೊದಲು ನೋಡಬೇಕಾದುದು ಬಣ್ಣವನ್ನಲ್ಲ. ಫೈಬರ್ ದೋಣಿಯಾದರೆ, ಗಡಿಗೆ ಕೊಳ್ಳುವ ಗೃಹಿಣಿ ಬೆರಳಿನಿಂದ ತಟ್ಟಿ ನಾದವನ್ನು ಕೇಳುವಂತೆ, ಸಣ್ಣ ಸುತ್ತಿಗೆಯ ಹಿಡಿಯಿಂದ ಒಡಲನ್ನೆಲ್ಲ ಮೆಲ್ಲಗೆ ತಟ್ಟುತ್ತ ಹೋಗಬೇಕು. ಗಟ್ಟಿಯಾದ ಭಾಗ ಖಣಿಲೆನ್ನುತ್ತದೆ, ಪದರ ಬಿಟ್ಟ ಭಾಗ ಮಂಕಾಗಿ ಸದ್ದು ಮಾಡುತ್ತದೆ. ಬಳಿಕ ಎಂಜಿನ್ನನ್ನು ತೂಗುಹಾಕುವ ಹಿಂಬದಿಯ ಅಡ್ಡಗೋಡೆಗೆ ಬರಬೇಕು. ಇದರೊಳಗೆ ಸಾಮಾನ್ಯವಾಗಿ ಪ್ಲೈವುಡ್ಡಿನ ತಿರುಳಿರುತ್ತದೆ. ಬೋಲ್ಟಿನ ರಂಧ್ರಗಳ ಮೂಲಕ ನೀರು ಒಳಸೇರಿದರೆ ಅದು ಯಾರಿಗೂ ತಿಳಿಯದಂತೆ ಪುಡಿಯಾಗುತ್ತದೆ. ಎಂಜಿನ್ನನ್ನು ಓರೆಯಾಗಿ ಎತ್ತಿ ನಿಲ್ಲಿಸಿ ಅದರ ಮೇಲೆ ಭಾರ ಹಾಕಿದಾಗ ಆ ಗೋಡೆ ಬಾಗಿದರೆ, ಅಥವಾ ಒಳಮೈಯಲ್ಲಿ ಸಣ್ಣದೊಂದು ರಂಧ್ರ ಕೊರೆದಾಗ ಕಂದು ಬಣ್ಣದ ಒದ್ದೆ ಪುಡಿ ಬಂದರೆ, ಬೇರೆ ಸಾಕ್ಷ್ಯ ಬೇಡ.

ಅಲ್ಯೂಮಿನಿಯಮ್ ದೋಣಿಯ ಪರೀಕ್ಷೆ ಇನ್ನೂ ಸುಲಭ. ಅದನ್ನು ನೆಲದ ಮೇಲೆಯೇ ದಿಮ್ಮಿಗಳ ಆಧಾರದಲ್ಲಿ ಭದ್ರವಾಗಿ ನಿಲ್ಲಿಸಿ ಒಳಗೆ ಕೆಲವು ಕೊಡ ನೀರು ಸುರಿದರೆ, ಯಾವ ರಿವೆಟ್ಟು ಸಡಿಲವಾಗಿದೆಯೋ ಅದು ತಾನಾಗಿಯೇ ಜಿನುಗಿ ಹೇಳುತ್ತದೆ. ಸುಣ್ಣದ ಕಡ್ಡಿಯಿಂದ ಗುರುತು ಹಾಕಿಕೊಳ್ಳುವುದಷ್ಟೇ ನಮ್ಮ ಕೆಲಸ. ಮರದ ದೋಣಿಯ ವಿಷಯದಲ್ಲಿ ಮಾತ್ರ ಅವಸರದ ತೀರ್ಪು ಕೂಡದು. ವರ್ಷಗಟ್ಟಲೆ ಒಣಗಿದ ಹಲಗೆಗಳು ಕುಗ್ಗಿ ಸಂದು ಬಿಟ್ಟಿರುತ್ತವೆ. ನೀರಿನಲ್ಲಿ ನೆನೆದಾಗ ಅವು ಉಬ್ಬಿ ಮತ್ತೆ ಕೂಡಿಕೊಳ್ಳುವುದುಂಟು. ಚಾಕುವಿನ ಮೊನೆ ಸಲೀಸಾಗಿ ಇಳಿಯುವಷ್ಟು ಮೆತ್ತಗಾದ ಹಲಗೆಯನ್ನು ತೆಗೆಯಬೇಕು. ಮಿಕ್ಕ ಸಂದುಗಳಿಗೆ ಹತ್ತಿಯ ಎಳೆಯನ್ನು ತುರುಕಿ ಮೇಲೆ ಮೆತ್ತುವುದೇ ಸಾಕಾಗಬಹುದು. ಮರದ ಮಿಲ್ಲುಗಳಿಗೂ ಬಡಗಿಗಳಿಗೂ ಹೆಸರಾದ ಹುಣಸೂರು ಹತ್ತಿರದಲ್ಲಿಯೇ ಇರುವುದು ನಮ್ಮ ಸೀಮೆಯ ಭಾಗ್ಯವೆನ್ನಬೇಕು.

ಒಡಲಿನ ಚಿಕಿತ್ಸೆ

ಒಡಲು ಮೊದಲು, ಯಂತ್ರ ಎರಡನೆಯದು, ಬಣ್ಣ ಕೊನೆಯದು ಎಂಬ ಅನುಕ್ರಮವನ್ನು ಮುರಿದವನು ಒಂದೇ ಕೆಲಸಕ್ಕೆ ಎರಡು ಸಲ ಹಣ ತೆರುತ್ತಾನೆ. ಕೊಳೆತ ಅಡ್ಡಗೋಡೆಯನ್ನು ಬದಲಿಸುವಾಗ ಪೀಠೋಪಕರಣಕ್ಕೆ ಬಳಸುವ ಅಗ್ಗದ ಪ್ಲೈವುಡ್ ಸಲ್ಲದು. ಭಾರತೀಯ ಮಾನಕ 710ರ ಮುದ್ರೆಯುಳ್ಳ ಮೆರೈನ್ ಪ್ಲೈವುಡ್ ಬೇಕು. ಎಪ್ಪತ್ತೆರಡು ಗಂಟೆಗಳ ಕಾಲ ನೀರಿನಲ್ಲಿ ಕುದಿಸಿದರೂ ಅದರ ಪದರಗಳ ಅಂಟು ಬಿಡಕೂಡದೆಂಬುದು ಆ ಮಾನಕದ ನಿಯಮ. ಹಾಗಿದ್ದರೂ ಕತ್ತರಿಸಿದ ಅಂಚುಗಳಿಗೂ ಕೊರೆದ ರಂಧ್ರಗಳಿಗೂ ರೆಸಿನ್ ಕುಡಿಸದೆ ಬೋಲ್ಟು ಹಾಕಿದರೆ ಹಳೆಯ ರೋಗವೇ ಮರುಕಳಿಸುತ್ತದೆ.

ಫೈಬರಿನ ಬಿರುಕನ್ನು ಮೇಲಿಂದ ಪುಟ್ಟಿ ಮೆತ್ತಿ ಮುಚ್ಚುವುದು ರೋಗವನ್ನು ಮರೆಮಾಡಿದಂತಾಗುತ್ತದೆಯೇ ಹೊರತು ಗುಣಪಡಿಸಿದಂತಾಗುವುದಿಲ್ಲ. ಬಿರುಕಿನ ಸುತ್ತ ಒಡಲಿನ ದಪ್ಪದ ಸುಮಾರು ಹನ್ನೆರಡು ಪಟ್ಟು ಅಗಲಕ್ಕೆ ಇಳಿಜಾರಾಗಿ ಉಜ್ಜಿ, ಅಸಿಟೋನಿನಿಂದ ಒರೆಸಿ, ಚಿಕ್ಕದರಿಂದ ದೊಡ್ಡದಕ್ಕೆ ಒಂದರ ಮೇಲೊಂದರಂತೆ ಫೈಬರ್ ಮ್ಯಾಟಿನ ತುಂಡುಗಳನ್ನು ರೆಸಿನ್ನಿನಲ್ಲಿ ಅದ್ದಿ ಕೂರಿಸಬೇಕು. ಉಜ್ಜುವಾಗ ಏಳುವ ಗಾಜಿನ ಧೂಳು ಶ್ವಾಸಕೋಶಕ್ಕೆ ಶತ್ರು. ಮುಖಕ್ಕೆ ಬಿಗಿಯಾದ ಮಾಸ್ಕ್, ಕಣ್ಣಿಗೆ ಕನ್ನಡಕ ಕಡ್ಡಾಯ. ಇದಕ್ಕಿಂತಲೂ ಗುರುತರವಾದ ಒಂದು ಎಚ್ಚರವನ್ನು ಇಲ್ಲಿ ಹೇಳಲೇಬೇಕು. ನಮ್ಮ ಅಂಗಡಿಗಳಲ್ಲಿ ಪಾಲಿಯೆಸ್ಟರ್ ರೆಸಿನ್ನಿನ ಜೊತೆಗೆ ಕೋಬಾಲ್ಟ್, ಕ್ಯಾಟಲಿಸ್ಟ್ ಎಂಬ ಎರಡು ಸೀಸೆಗಳನ್ನು ಬೇರೆ ಬೇರೆಯಾಗಿ ಕೊಡುತ್ತಾರೆ. ಮೊದಲು ಕೋಬಾಲ್ಟನ್ನು ರೆಸಿನ್ನಿನಲ್ಲಿ ಚೆನ್ನಾಗಿ ಕಲಸಿ, ಆ ಬಳಿಕವೇ ಕ್ಯಾಟಲಿಸ್ಟನ್ನು ಸೇರಿಸತಕ್ಕದ್ದು; ಈ ಎರಡನ್ನು ನೇರವಾಗಿ ಒಂದಕ್ಕೊಂದು ಬೆರೆಸಿದರೆ ಸ್ಫೋಟವಾಗುತ್ತದೆ.

ಅಲ್ಯೂಮಿನಿಯಮ್ಮಿನ ಶತ್ರು ಬೇರೆ ಲೋಹದ ಸಹವಾಸ. ತಾಮ್ರ, ಹಿತ್ತಾಳೆ, ಕಬ್ಬಿಣಗಳ ಮೊಳೆಗಳು ಅದಕ್ಕೆ ತಾಗಿ ನಡುವೆ ನೀರು ನಿಂತರೆ ಅಲ್ಯೂಮಿನಿಯಮ್ಮೇ ಕರಗುತ್ತ ಹೋಗುತ್ತದೆ. ಈ ಕಾರಣದಿಂದಲೇ ಎಂಜಿನ್ನಿನ ಕೆಳಭಾಗದಲ್ಲಿ ತಾನು ಸವೆದು ಮಿಕ್ಕದ್ದನ್ನು ಉಳಿಸುವ ಲೋಹದ ತುಂಡೊಂದನ್ನು ಜೋಡಿಸಿರುತ್ತಾರೆ. ಉಪ್ಪುನೀರಿಗೆ ಸತುವಿನ ತುಂಡು, ಸಿಹಿನೀರಿಗೆ ಮೆಗ್ನೀಷಿಯಮ್ಮಿನದು ಎಂಬುದು ಕ್ರಮವಾದುದರಿಂದ, ಮಲ್ಪೆಯಿಂದಲೋ ಮಂಗಳೂರಿನಿಂದಲೋ ಹಳೆಯ ಎಂಜಿನ್ ತಂದು ಕಬಿನಿಯಲ್ಲಿ ಓಡಿಸುವವರು ಇದನ್ನು ಬದಲಿಸಲು ಮರೆಯಬಾರದು.

ಯಂತ್ರದ ಪ್ರಾಣ

ಹಳೆಯ ಔಟ್‌ಬೋರ್ಡ್ ಎಂಜಿನ್ನುಗಳಲ್ಲಿ ಬಹುಪಾಲು ಟೂ ಸ್ಟ್ರೋಕ್ ಜಾತಿಯವು. ಈ ವಿದ್ಯೆಯಲ್ಲಿ ಮೈಸೂರು ಸೀಮೆಗೆ ಒಂದು ಪರಂಪರೆಯೇ ಇದೆ. 1961ರಲ್ಲಿ ಮೈಸೂರಿನ ಯಾದವಗಿರಿಯಲ್ಲಿ ಆರಂಭವಾಗಿ 1996ರಲ್ಲಿ ಮುಚ್ಚಿಹೋದ ಐಡಿಯಲ್ ಜಾವಾ ಕಾರ್ಖಾನೆಯು ಜಾವಾ, ಯೆಜ್ಡಿ ಮೋಟಾರು ಸೈಕಲ್ಲುಗಳನ್ನು ತಯಾರಿಸಿದುದಲ್ಲದೆ, ಟೂ ಸ್ಟ್ರೋಕ್ ಎಂಜಿನ್ನಿನ ಕೆಮ್ಮನ್ನು ಕೇಳಿಯೇ ಅದರ ವ್ಯಾಧಿಯನ್ನು ಹೇಳಬಲ್ಲ ಮೆಕ್ಯಾನಿಕ್ಕುಗಳ ಒಂದು ತಲೆಮಾರನ್ನು ಈ ಸುತ್ತಿನಲ್ಲಿ ಸೃಷ್ಟಿಸಿತು. ಕಾರ್ಬ್ಯುರೇಟರ್ ತೊಳೆಯುವುದು, ಪ್ಲಗ್ಗಿನ ಬಣ್ಣ ನೋಡುವುದು, ಪಿಸ್ಟನ್ನಿನ ರಿಂಗುಗಳನ್ನು ಅಳೆಯುವುದು ದೋಣಿಯಲ್ಲಿಯೂ ಬೈಕಿನಲ್ಲಿಯೂ ಹೆಚ್ಚು ಕಡಮೆ ಒಂದೇ. ಎರಡು ಸಿಲಿಂಡರಿನ ಎಂಜಿನ್ನಾದರೆ ಎರಡರ ಕಂಪ್ರೆಷನ್ ಅಳತೆಯೂ ಸಮೀಪದಲ್ಲಿರಬೇಕು. ನೂರಕ್ಕೆ ಹತ್ತಕ್ಕಿಂತ ಹೆಚ್ಚು ಅಂತರವಿದ್ದರೆ ವ್ಯಾಪಾರವನ್ನು ಅಲ್ಲಿಗೇ ನಿಲ್ಲಿಸುವುದು ಲೇಸು.

ಬೈಕಿನ ಮೆಕ್ಯಾನಿಕ್ಕಿಗೆ ಹೊಸದಾದುದು ನೀರಿನ ಸಂಬಂಧದ್ದು. ದೋಣಿಯ ಎಂಜಿನ್ನು ಹೊರಗಿನ ನೀರನ್ನು ಹೀರಿ ತಣ್ಣಗಾಗತಕ್ಕದ್ದು. ಆ ನೀರನ್ನು ಎತ್ತುವ ಇಂಪೆಲ್ಲರ್ ಎಂಬ ರಬ್ಬರಿನ ಚಕ್ರವು ವರ್ಷಗಟ್ಟಲೆ ನಿಂತಲ್ಲೇ ನಿಂತು ಸೆಡೆತಿರುತ್ತದೆ. ಅದನ್ನು ಬದಲಿಸದೆ, ನೀರು ತುಂಬಿದ ಡ್ರಮ್ಮಿನಲ್ಲಿ ಮುಳುಗಿಸದೆ, ಒಣನೆಲದ ಮೇಲೆ ಕುತೂಹಲಕ್ಕೆಂದು ಸ್ಟಾರ್ಟ್ ಮಾಡಿದ ಎಂಜಿನ್ನು ಅಲ್ಪಕಾಲದಲ್ಲಿಯೇ ತನ್ನನ್ನು ತಾನು ಸುಟ್ಟುಕೊಳ್ಳುತ್ತದೆ. ಕೆಳಗಿನ ಗೇರ್ ಡಬ್ಬಿಯ ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಸೀಲು ಹೋಗಿ ನೀರು ಒಳಹೊಕ್ಕಿದೆಯೆಂದು ತಿಳಿಯಬೇಕು. ಪ್ರೊಪೆಲ್ಲರನ್ನು ಬಿಚ್ಚಿ ನೋಡಿದರೆ ದಂಡಕ್ಕೆ ಸುತ್ತಿಕೊಂಡ ಗಾಳದ ದಾರವೇ ಎಷ್ಟೋ ವೇಳೆ ಅಪರಾಧಿಯಾಗಿರುತ್ತದೆ. ಇಂಧನದ ವಿಷಯದಲ್ಲಿ ಕಾಲವೂ ಬದಲಾಗಿದೆ. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಸೇರಿರುವುದರಿಂದ ಅದು ಗಾಳಿಯ ತೇವವನ್ನು ಹೀರುತ್ತದೆ. ಹಳೆಯ ಕಾಲದ ರಬ್ಬರ್ ಕೊಳವೆಗಳನ್ನು ಕೆಡಿಸುತ್ತದೆ. ಕೊಳವೆಗಳನ್ನೆಲ್ಲ ಹೊಸದಾಗಿ ಹಾಕಿಸಿ, ಓಡಿಸದ ತಿಂಗಳುಗಳಲ್ಲಿ ಟ್ಯಾಂಕನ್ನೂ ಕಾರ್ಬ್ಯುರೇಟರನ್ನೂ ಬರಿದುಮಾಡುವುದೇ ಇದಕ್ಕೆ ಪರಿಹಾರ.

ಮಿತವ್ಯಯದ ಮೇರೆ

ಹಣ ಉಳಿಸಬಹುದಾದ ಸ್ಥಳಗಳು ಅನೇಕ. ಉಜ್ಜುವುದು, ತೊಳೆಯುವುದು, ಬಣ್ಣ ಬಳಿಯುವುದು ಇವೆಲ್ಲ ಸ್ವಂತ ದುಡಿಮೆಯಿಂದ ಆಗತಕ್ಕವು. ಕುರ್ಚಿ, ಮೇಲ್ಹೊದಿಕೆ, ಹೊಳಪಿನ ಕಂಬಿಗಳು ಮುಂದಿನ ವರ್ಷಕ್ಕೆ ಕಾಯಬಲ್ಲವು. ಹಣ ಉಳಿಸಬಾರದ ಸ್ಥಳಗಳು ಕೆಲವೇ: ನೀರನ್ನು ಹೊರಗಿಡುವುದು, ಬೆಂಕಿಯನ್ನು ತಡೆಯುವುದು, ಮನುಷ್ಯನನ್ನು ತೇಲಿಸುವುದು. ಇಂಧನದ ಕೊಳವೆ, ಅಗ್ನಿಶಾಮಕ, ಓಡಿಸುವವನು ಬಿದ್ದರೆ ಎಂಜಿನ್ನನ್ನು ನಿಲ್ಲಿಸುವ ಹಗ್ಗ, ತಲೆಗೊಂದರಂತೆ ಲೈಫ್ ಜಾಕೆಟ್ ಇವುಗಳಲ್ಲಿ ಹಳೆಯದು ಸಾಗೀತೆಂಬ ಮಾತೇ ಬರಕೂಡದು. 2009ರ ಸೆಪ್ಟೆಂಬರ್ 30ರಂದು ನೆರೆಯ ಕೇರಳದ ತೇಕ್ಕಡಿಯಲ್ಲಿ, ಕಾಡುಪ್ರಾಣಿಗಳನ್ನು ನೋಡಲು ಹೊರಟ ಪ್ರವಾಸಿಗರ ದೋಣಿಯೊಂದು ಮಗುಚಿ ನಲವತ್ತೈದು ಜನ ಪ್ರಾಣ ಕಳೆದುಕೊಂಡರು. ಅದೂ ಕಬಿನಿಯಂತೆಯೇ ಅಣೆಕಟ್ಟಿನ ಹಿಂದಿನ ಶಾಂತವಾದ ನೀರು. ಮೂಲದಲ್ಲಿ ಇಲ್ಲದ ಎತ್ತರದ ಆಸನಗಳನ್ನೂ ಮಾಳಿಗೆಯನ್ನೂ ದುರಸ್ತಿಯ ನೆಪದಲ್ಲಿ ಸೇರಿಸುವವರು, ಭಾರ ಮೇಲಕ್ಕೇರಿದಷ್ಟೂ ದೋಣಿಯ ಸ್ಥಿರತೆ ಕುಂದುತ್ತದೆಯೆಂಬುದನ್ನು ಅರಿಯಬೇಕು.

ಕಾನೂನಿನ ಮಾತನ್ನು ಕೊನೆಗೆ ಬಿಡುವುದು ರೂಢಿಯಾದರೂ ಕೊಳ್ಳುವವನು ಅದನ್ನು ಮೊದಲೇ ವಿಚಾರಿಸಬೇಕು. ಹಬೆಯ ದೋಣಿಗಳ ಕಾಲದಲ್ಲಿ, 1917ರಲ್ಲಿ, ಮಾಡಿದ ಒಳನಾಡಿನ ನೌಕಾ ಕಾಯಿದೆಯ ಸ್ಥಾನಕ್ಕೆ 2021ರ ಹೊಸ ಕಾಯಿದೆ ಬಂದಿದೆ. ಅದರ ಪ್ರಕಾರ ಯಂತ್ರಚಾಲಿತ ದೋಣಿಗೆ ತಪಾಸಣೆಯೂ ನೋಂದಣಿಯೂ ಅವಶ್ಯಕ. ಜಲಾಶಯದ ನೀರು ಕಾವೇರಿ ನೀರಾವರಿ ನಿಗಮದ ವಶದಲ್ಲಿರುವುದು. ಕಬಿನಿಯ ದಂಡೆಗಳಲ್ಲಿ ನಾಗರಹೊಳೆ, ಬಂಡೀಪುರಗಳ ಹುಲಿ ಸಂರಕ್ಷಿತ ಪ್ರದೇಶಗಳಿವೆ. ಅನುಮತಿ ಸಿಗದ ನೀರಿಗಾಗಿ ದೋಣಿಯನ್ನು ಸಿದ್ಧಪಡಿಸಿದವನ ಮಿತವ್ಯಯಕ್ಕೆ ಅರ್ಥವಿಲ್ಲ.

ಕೆಲಸಕ್ಕೆ ಕಾಲವನ್ನು ನಮ್ಮ ಪಂಚಾಂಗವೇ ಗೊತ್ತುಮಾಡಿಕೊಟ್ಟಿದೆ. ಚೈತ್ರ ವೈಶಾಖಗಳಲ್ಲಿ ಹಿನ್ನೀರು ಇಳಿದು, ಕಬಿನಿಯಲ್ಲಿ ಮುಳುಗಿದ ಮರಗಳ ಬೊಡ್ಡೆಗಳು ತಲೆಯೆತ್ತಿ, ಪ್ರೊಪೆಲ್ಲರನ್ನು ಮುರಿಯಲು ಕಾದಿರುತ್ತವೆ. ಆಗ ದೋಣಿ ನೀರಿನಲ್ಲಿರುವುದಕ್ಕಿಂತ ಮೇಲಿರುವುದೇ ಕ್ಷೇಮ. ಒಣಹವೆಯಲ್ಲಿ ಮರ ಒಣಗುತ್ತದೆ, ರೆಸಿನ್ ಗಟ್ಟಿಯಾಗುತ್ತದೆ, ಬಣ್ಣ ಹಿಡಿಯುತ್ತದೆ. ವಯನಾಡಿನ ಮುಂಗಾರು ಕಬಿನಿಯನ್ನು ತುಂಬಿಸುವ ಹೊತ್ತಿಗೆ ಕೆಲಸ ಮುಗಿದಿರಬೇಕು. ಮುಗಿಯದಿದ್ದರೆ ಅರೆಗೆಲಸದ ದೋಣಿಯನ್ನು ಸೂರಿನ ಕೆಳಗೆ ಬೋರಲು ಹಾಕಿ ಮುಂದಿನ ಬೇಸಗೆಗೆ ಕಾಯುವುದು ಜಾಣತನ. ಲೆಕ್ಕದ ಪುಸ್ತಕದಲ್ಲಿ ಕೊಂಡ ಬೆಲೆ, ದುರಸ್ತಿಯ ಖರ್ಚು ಎಂಬ ಎರಡು ಪುಟಗಳ ಜೊತೆಗೆ ಮುಂದಿನ ವರ್ಷದ ಖರ್ಚಿಗೆಂದು ಮೂರನೆಯ ಪುಟವನ್ನು ಮೊದಲ ದಿನವೇ ತೆರೆಯಬೇಕು. ಆ ಪುಟಕ್ಕೆ ಹಣವಿಲ್ಲದವನು, ಬೆಲೆ ಎಷ್ಟೇ ಅಗ್ಗವಾಗಿರಲಿ, ಹಳೆಯ ಮೋಟಾರು ದೋಣಿಯನ್ನು ಕೊಳ್ಳದೆ ಒಂದು ಹೊಸ ತೆಪ್ಪವನ್ನು ಹೆಣೆಸಿಕೊಳ್ಳುವುದೇ ಮೇಲು.