ಹಸಿರು ಹಾಳೆಯಲ್ಲಿ ಸಿಕ್ಕ ಗೆಳೆಯರು

ಸಿಗರೇಟು ಬಿಟ್ಟವರನ್ನು ಹೇಗೆ ಬಿಟ್ಟಿರಿ ಅಂತ ಕೇಳಿ ನೋಡಿ. "ಒಂದಿನ ಮನಸ್ಸು ಮಾಡಿದೆ, ಅಷ್ಟೇ" ಅನ್ನುತ್ತಾರೆ. ಬಿಡಲಾಗದೆ ಒದ್ದಾಡುತ್ತಿರುವವರನ್ನು ಕೇಳಿದರೆ, "ಮನಸ್ಸು ಗಟ್ಟಿ ಇಲ್ಲ ಮಾರಾಯ" ಅನ್ನುತ್ತಾರೆ. ಇಬ್ಬರ ಲೆಕ್ಕದಲ್ಲೂ ಇದು ಒಬ್ಬ ಮನುಷ್ಯನಿಗೂ ಒಂದು ಪ್ಯಾಕೆಟ್ಟಿಗೂ ನಡುವಿನ ಜಗಳ. ಡಾಕ್ಟರುಗಳೂ ಬಹುಕಾಲ ಹೆಚ್ಚುಕಡಿಮೆ ಹಾಗೇ ನೋಡಿದರು. ಈ ಜಗಳದಲ್ಲಿ ಗೆಳೆಯರ ಪಾಲೆಷ್ಟು ಅನ್ನುವುದಕ್ಕೆ ದೊಡ್ಡ ಮಟ್ಟದ ಅಂಕಿಅಂಶ ಹೊರಬಿದ್ದದ್ದು 2008ರಲ್ಲಿ. ಅದು ಬಂದದ್ದು ಅಮೆರಿಕದ ಒಂದು ಸಾಧಾರಣ ಊರಿನಲ್ಲಿ, ಬೇರೆ ಯಾವುದೋ ಕೆಲಸಕ್ಕೆಂದು ತುಂಬಿಸಿ ಇಟ್ಟಿದ್ದ ಹಸಿರು ಹಾಳೆಗಳಿಂದ.

ಊರಿನ ಹೆಸರು ಫ್ರೇಮಿಂಗ್‌ಹ್ಯಾಮ್. ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ, ಬಾಸ್ಟನ್ನಿನ ಪಶ್ಚಿಮಕ್ಕಿದೆ. 1945ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಮಿದುಳಿನಲ್ಲಿ ರಕ್ತಸ್ರಾವವಾಗಿ ತೀರಿಕೊಂಡರು. ಆ ದಿನ ಅವರ ರಕ್ತದೊತ್ತಡ 300/190 ಇತ್ತು. ಅಷ್ಟಾದರೂ ಹೃದಯ, ರಕ್ತನಾಳಗಳ ಕಾಯಿಲೆ ಯಾಕೆ ಬರುತ್ತದೆ ಅನ್ನುವುದು ಆ ಕಾಲದ ವೈದ್ಯರಿಗೆ ಸರಿಯಾಗಿ ಗೊತ್ತಿರಲಿಲ್ಲ. ಅದನ್ನು ಪತ್ತೆಹಚ್ಚಲು 1948ರಲ್ಲಿ ಸರ್ಕಾರ ದುಡ್ಡು ಕೊಟ್ಟಿತು. ಫ್ರೇಮಿಂಗ್‌ಹ್ಯಾಮಿನ 5,209 ಗಂಡಸರು ಹೆಂಗಸರು ಎರಡು ವರ್ಷಕ್ಕೊಮ್ಮೆ ಬಂದು ರಕ್ತ ಕೊಟ್ಟು, ಎದೆ ತೋರಿಸಿ, ಏನು ತಿನ್ನುತ್ತೇವೆ, ಎಷ್ಟು ಸೇದುತ್ತೇವೆ ಎಂದು ಹೇಳಿ ಹೋಗಲು ಒಪ್ಪಿದರು. ಸಿಗರೇಟು ಹೃದಯಕ್ಕೂ ಹೊಡೆತ ಕೊಡುತ್ತದೆ ಎಂದು 1960ರಲ್ಲಿ ಹೇಳಿದ್ದು ಇದೇ ಅಧ್ಯಯನ. 1971ರಲ್ಲಿ ಅವರ ಮಕ್ಕಳನ್ನೂ, ಮಕ್ಕಳ ಗಂಡ ಹೆಂಡಿರನ್ನೂ ಸೇರಿಸಿಕೊಂಡರು. ಅವರು 5,124 ಜನ.

ಹೀಗೆ ದಶಕಗಟ್ಟಲೆ ಜನರನ್ನು ಹಿಂಬಾಲಿಸುವ ಅಧ್ಯಯನಕ್ಕೆ ಒಂದು ತಾಪತ್ರಯವಿದೆ. ಜನ ಮನೆ ಬದಲಾಯಿಸುತ್ತಾರೆ, ಕೆಲಸ ಬದಲಾಯಿಸುತ್ತಾರೆ, ಮದುವೆಯಾಗಿ ಇನ್ನೆಲ್ಲೋ ಹೋಗುತ್ತಾರೆ. ಮುಂದಿನ ತಪಾಸಣೆಯ ಹೊತ್ತಿಗೆ ಅವರನ್ನು ಹುಡುಕುವುದು ಹೇಗೆ? ಅದಕ್ಕೇ ಕಚೇರಿಯವರು ಪ್ರತಿ ಸಲ ಒಂದು ಹಾಳೆ ತುಂಬಿಸುತ್ತಿದ್ದರು. ಮನೆ ವಿಳಾಸ, ಕೆಲಸದ ಜಾಗ, ಅಪ್ಪ ಅಮ್ಮ, ಅಣ್ಣ ತಮ್ಮಂದಿರು, ಮಕ್ಕಳು. ಕೊನೆಗೆ ಒಬ್ಬ ಆಪ್ತ ಸ್ನೇಹಿತನ ಹೆಸರು, ನೀವು ಕಾಣೆಯಾದರೆ ಎಲ್ಲಿದ್ದೀರಿ ಎಂದು ಹೇಳಬಲ್ಲವನ ಹೆಸರು. ಈ ಹಾಳೆಗಳಲ್ಲಿ ವಿಜ್ಞಾನವೂ ಇರಬಹುದೆಂದು ಯಾರೂ ಎಣಿಸಿರಲಿಲ್ಲ.

ಇದೇ ಹೊತ್ತಿಗೆ ಇನ್ನೊಂದು ಕಡೆ ನಿಕೊಲಸ್ ಕ್ರಿಸ್ಟಾಕಿಸ್ ಎಂಬ ವೈದ್ಯರಿದ್ದರು. ಸಮಾಜಶಾಸ್ತ್ರವನ್ನೂ ಓದಿಕೊಂಡವರು. 1990ರ ದಶಕದಲ್ಲಿ ಷಿಕಾಗೋದಲ್ಲಿ ಸಾವಿನಂಚಿನ ರೋಗಿಗಳ ಆರೈಕೆ ಮಾಡುತ್ತಿದ್ದರು. ಗಂಡ ಸತ್ತ ಸ್ವಲ್ಪ ದಿನಕ್ಕೇ ಹೆಂಡತಿಯೂ ಹೋಗಿಬಿಡುವುದು ಯಾಕೆ ಎನ್ನುವುದು ಅವರ ಅಧ್ಯಯನದ ವಿಷಯ. ಅವರ ರೋಗಿಗಳಲ್ಲಿ ಅರಳುಮರಳಾದ ಒಬ್ಬ ಮುದುಕಿ ಇದ್ದಳು. ಅವಳನ್ನು ನೋಡಿಕೊಂಡು ಮಗಳು ಸೋತು ಸುಣ್ಣವಾಗಿದ್ದಳು. ಮಗಳ ಪಾಡು ನೋಡಿ ಅವಳ ಗಂಡ ಹಾಸಿಗೆ ಹಿಡಿದಿದ್ದ. ಒಂದು ದಿನ ಡಾಕ್ಟರಿಗೆ ಫೋನ್ ಬಂತು, ಆ ಗಂಡನ ಗೆಳೆಯನಿಂದ. ಇದನ್ನೆಲ್ಲ ನೋಡಿ ತನಗೂ ಏನೋ ಆಗುತ್ತಿದೆ ಅನ್ನುವುದು ಅವನ ಅಳಲು. ಮುದುಕಿಗೂ ಈ ಫೋನಿನವನಿಗೂ ನೆಂಟಸ್ತನವಿಲ್ಲ. ಒಬ್ಬಳ ಕಾಯಿಲೆ ಇಬ್ಬರನ್ನು ದಾಟಿ ಮೂರನೆಯವನನ್ನು ಮುಟ್ಟಿತ್ತು. ಗಂಡ ಹೆಂಡಿರ ಜೋಡಿಯನ್ನಷ್ಟೇ ನೋಡಿಕೊಂಡು ಕೂತರೆ ಸಾಲದು ಎಂದು ಕ್ರಿಸ್ಟಾಕಿಸ್‌ಗೆ ಹೊಳೆದದ್ದು ಆಗ.

2002ರಲ್ಲಿ ಪರಿಚಿತರೊಬ್ಬರ ಮೂಲಕ ಅವರಿಗೆ ಜೇಮ್ಸ್ ಫೌಲರ್ ಸಿಕ್ಕಿದರು. ಫೌಲರ್ ರಾಜ್ಯಶಾಸ್ತ್ರದವರು. ಮತ ಹಾಕುವ ನಿರ್ಧಾರ ಒಬ್ಬರಿಂದ ಒಬ್ಬರಿಗೆ ಹಬ್ಬುತ್ತದೆಯೇ ಎಂದು ಹುಡುಕುತ್ತಿದ್ದರು. ಇಬ್ಬರ ಪ್ರಶ್ನೆಯ ಆಕಾರ ಒಂದೇ, ಇಬ್ಬರ ಹತ್ತಿರವೂ ಇಲ್ಲದ್ದು ಮಾಹಿತಿ. ಸಾವಿರಾರು ಜನ ಬೇಕು, ಅವರಲ್ಲಿ ಯಾರಿಗೆ ಯಾರು ಗೆಳೆಯರೆಂದು ಗೊತ್ತಿರಬೇಕು, ಗೆಳೆಯನ ಆರೋಗ್ಯದ ದಾಖಲೆಯೂ ಸಿಗಬೇಕು, ಅದೂ ವರ್ಷಾನುವರ್ಷದ್ದು. ಹೊಸದಾಗಿ ಸಂಗ್ರಹಿಸಲು ಹೊರಟರೆ ಕೋಟಿಗಟ್ಟಲೆ ದುಡ್ಡು, ಒಂದು ಆಯಸ್ಸು.

ಹುಡುಕುತ್ತಾ ಕ್ರಿಸ್ಟಾಕಿಸ್ ಫ್ರೇಮಿಂಗ್‌ಹ್ಯಾಮಿಗೂ ಹೋದರು. ಅಲ್ಲಿ ಅಧ್ಯಯನದ ವ್ಯವಸ್ಥೆ ನೋಡಿಕೊಳ್ಳುತ್ತಿದ್ದ ಮಹಿಳೆಯೊಬ್ಬರನ್ನು ಮಾತಿಗೆ ಮಾತು ಬಂದು ವಿಚಾರಿಸಿದರು: ಇಷ್ಟು ವರ್ಷ ಇಷ್ಟು ಜನರ ಜಾಡು ತಪ್ಪದಂತೆ ಹೇಗೆ ಕಾಪಾಡಿಕೊಂಡಿರಿ? ಆಕೆ ಮೇಜಿನ ಕೆಳಗೆ ಕೈ ಹಾಕಿ ಒಂದು ಹಸಿರು ಹಾಳೆ ತೆಗೆದು ತೋರಿಸಿದರು. ಗೆಳೆಯನ ಹೆಸರಿನ ಜಾಗ ನೋಡಿದ ಕ್ರಿಸ್ಟಾಕಿಸ್‌ಗೆ ಮೈ ಜುಮ್ಮೆಂದಿರಬೇಕು. ಊರು ಚಿಕ್ಕದು, ಅಧ್ಯಯನದಲ್ಲಿ ಸೇರಿದವರು ಸಾವಿರಾರು. ಹಾಗಾಗಿ ಇವನು ಬರೆಸಿದ ಗೆಳೆಯನೂ ಎಷ್ಟೋ ಸಲ ಅದೇ ಅಧ್ಯಯನದಲ್ಲಿದ್ದ. ಅವನ ತೂಕ, ರಕ್ತದೊತ್ತಡ, ದಿನಕ್ಕೆಷ್ಟು ಸಿಗರೇಟು ಅನ್ನುವುದೆಲ್ಲ ಅದೇ ಕಟ್ಟಡದ ಕಡತಗಳಲ್ಲಿತ್ತು. ವಿಳಾಸ ಹುಡುಕುವುದಕ್ಕೆ ಇಟ್ಟುಕೊಂಡ ಕಾಗದ ಮೂರು ದಶಕದ ಸ್ನೇಹದ ನಕ್ಷೆಯಾಗಿ ಕೂತಿತ್ತು.

ಆ ಕೈಬರಹವನ್ನೆಲ್ಲ ಕಂಪ್ಯೂಟರಿಗೆ ಏರಿಸುವುದು ಬೇಸರದ ಕೆಲಸ, ಅದರ ಕತೆ ಬೇಡ. ಕೊನೆಗೆ ಕೈಗೆ ಬಂದದ್ದು 12,067 ಜನರ ಜಾಲ, 1971ರಿಂದ 2003ರವರೆಗಿನದು. ಅದರಲ್ಲಿ ಸುಮಾರು 3,600 ಸ್ನೇಹಗಳು. ಮೊದಲು ಬೊಜ್ಜು ಹೇಗೆ ಹಬ್ಬುತ್ತದೆ ಎಂದು 2007ರಲ್ಲಿ ಬರೆದು ಇಬ್ಬರೂ ಹೆಸರು ಮಾಡಿದರು. ಸಿಗರೇಟಿನ ಪ್ರಬಂಧ 2008ರ ಮೇ ತಿಂಗಳಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂತು. ಬೊಜ್ಜಿನದ್ದೇ ಹೆಚ್ಚು ಸದ್ದು ಮಾಡಿದರೂ ನನಗೆ ಎರಡನೆಯದೇ ಹೆಚ್ಚು ಮುಖ್ಯವೆನಿಸುತ್ತದೆ. ಬೊಜ್ಜು ಹಬ್ಬಿತೆಂದರೆ ಕೈಚೆಲ್ಲಬೇಕು. ಸಿಗರೇಟಿನ ಕತೆಯಲ್ಲಿ ಹಬ್ಬುತ್ತಿದ್ದದ್ದು ಬಿಡುವ ಅಭ್ಯಾಸ.

ಒಬ್ಬ ಬಿಟ್ಟರೆ ಅವನ ಸುತ್ತಲಿನವರಿಗೆ ಏನಾಗುತ್ತದೆ? ಗಂಡ ಅಥವಾ ಹೆಂಡತಿ ಬಿಟ್ಟರೆ ಇನ್ನೊಬ್ಬರು ಸೇದುತ್ತಿರುವ ಸಾಧ್ಯತೆ ಶೇ. 67ರಷ್ಟು ಇಳಿಯುತ್ತಿತ್ತು. ಒಡಹುಟ್ಟಿದವರು ಬಿಟ್ಟರೆ ಶೇ. 25, ಗೆಳೆಯ ಬಿಟ್ಟರೆ ಶೇ. 36. ಸಣ್ಣ ಕಚೇರಿಯಲ್ಲಿ ಸಹೋದ್ಯೋಗಿ ಬಿಟ್ಟರೂ ಶೇ. 34. ಪಕ್ಕದ ಮನೆಯವನು ಬಿಟ್ಟರೆ? ಏನೂ ಇಲ್ಲ. ಗೋಡೆಗೆ ಗೋಡೆ ತಾಗಿದ್ದರೆ ಸಾಲದು, ಮಾತುಕತೆಯ ಸಂಬಂಧ ಬೇಕು. ಒಡಹುಟ್ಟಿದವನಿಗಿಂತ ಗೆಳೆಯನ ಮಾತು ಹೆಚ್ಚು ನಾಟುತ್ತದೆ ಎನ್ನುವುದು ಅಂಕಿ ನೋಡದೆಯೂ ಹೇಳಬಹುದಾಗಿತ್ತು, ಅಣ್ಣತಮ್ಮಂದಿರಿರುವ ಯಾರನ್ನಾದರೂ ಕೇಳಿ. ಸಣ್ಣ ಕಚೇರಿಯ ಲೆಕ್ಕವೂ ನಮಗೆ ಅರ್ಥವಾಗುವಂಥದ್ದೇ. ಹನ್ನೊಂದು ಗಂಟೆಗೆ "ಬಾ, ಒಂದು ದಮ್ ಎಳೆದು ಬರೋಣ" ಅನ್ನುವವನೊಬ್ಬ, ಹಿಂದೆ ಹೋಗುವವರು ಇಬ್ಬರು, ಗೂಡಂಗಡಿಯಲ್ಲಿ ಚಹಾ. ಕರೆಯುವವನೇ ಬಿಟ್ಟುಬಿಟ್ಟರೆ ಆ ಹನ್ನೊಂದು ಗಂಟೆಯೇ ಇಲ್ಲವಾಗುತ್ತದೆ.

ಅಂಕಿಗಳಿಗಿಂತ ವಿಚಿತ್ರವಾದದ್ದು ಚಿತ್ರದಲ್ಲಿತ್ತು. ಮನುಷ್ಯನಿಗೊಂದು ಚುಕ್ಕೆ, ಸೇದುವವನು ಹಳದಿ, ಸೇದದವನು ಹಸಿರು, ಸಂಬಂಧಕ್ಕೊಂದು ಗೆರೆ. 1971ರ ಜಾಲದಲ್ಲಿ ಹಳದಿ ಎಲ್ಲ ಕಡೆ ಚೆಲ್ಲಿದೆ, ನಟ್ಟನಡುವೆಯೂ ಇದೆ. 2000ದ ಹೊತ್ತಿಗೆ ಬಹುಪಾಲು ಹಸಿರು. ಇಲ್ಲಿಯವರೆಗೆ ಆಶ್ಚರ್ಯವಿಲ್ಲ, ಅಮೆರಿಕದಲ್ಲೆಲ್ಲ ಸೇದುವವರು ಕಡಿಮೆಯಾಗುತ್ತಿದ್ದ ಕಾಲ ಅದು. ಒಬ್ಬೊಬ್ಬರೇ ತಮ್ಮ ತಮ್ಮ ಮನೋಬಲದಿಂದ ಬಿಟ್ಟಿದ್ದರೆ ಹಳದಿ ಗುಂಪುಗಳು ಅಲ್ಲೊಂದು ಇಲ್ಲೊಂದು ಚುಕ್ಕೆ ಕಳಚಿಕೊಂಡು ತೆಳ್ಳಗಾಗಬೇಕಿತ್ತು. ಹಾಗಾಗಿರಲಿಲ್ಲ. ಉಳಿದ ಹಳದಿ ಗುಂಪುಗಳು ಮೊದಲಿನಷ್ಟೇ ದೊಡ್ಡವು, ಗುಂಪುಗಳ ಸಂಖ್ಯೆ ಮಾತ್ರ ಕಡಿಮೆ. ಮದುವೆ ಮನೆಯಲ್ಲಿ ಪಂಕ್ತಿಗೆ ಪಂಕ್ತಿಯೇ ಎದ್ದ ಹಾಗೆ, ಒಬ್ಬರಿಗೊಬ್ಬರು ಗೊತ್ತಿದ್ದವರು ಒಟ್ಟೊಟ್ಟಿಗೆ ಬಿಟ್ಟಿದ್ದರು. ಗೆಳೆಯನ ಗೆಳೆಯನ ಗೆಳೆಯನವರೆಗೂ ಈ ಗುಂಪುಗಾರಿಕೆ ಕಾಣುತ್ತಿತ್ತು. ಎಂದೂ ಮುಖ ನೋಡದವನೊಬ್ಬ ಆ್ಯಶ್‌ಟ್ರೇ ಎಸೆದದ್ದಕ್ಕೂ ನೀವು ಬಿಟ್ಟದ್ದಕ್ಕೂ ನಂಟಿರಬಹುದು.

ಎದ್ದವರ ಕತೆ ಹೇಳುವಾಗ ಕೂತೇ ಉಳಿದವರನ್ನು ಮರೆಯುವುದು ಸುಲಭ. ಅದೇ ಚಿತ್ರದಲ್ಲಿ ಉಳಿದ ಹಳದಿ ಚುಕ್ಕೆಗಳು ವರ್ಷ ಕಳೆದಂತೆ ಅಂಚಿಗೆ ಸರಿದಿದ್ದವು. ಹಿಂದೆ ಪಾರ್ಟಿಯ ನಡುವೆ ನಿಂತು ಸೇದುತ್ತಿದ್ದವನು ಈಗ ಹಿತ್ತಲ ಬಾಗಿಲಾಚೆ, ತನ್ನಂಥ ಇನ್ನಿಬ್ಬರ ಜೊತೆ. ಹೆಚ್ಚು ಓದಿದ ಗೆಳೆಯರು ಒಬ್ಬರನ್ನೊಬ್ಬರು ಹೆಚ್ಚು ಎಳೆದುಕೊಂಡಿದ್ದರು ಎಂಬುದೂ ಆ ಪ್ರಬಂಧದಲ್ಲಿದೆ. ಅಂದರೆ ಬಿಡಿಸಬಲ್ಲ ಗೆಳೆಯರು ಇದ್ದವರಿಗೇ ಮೊದಲು ಬಿಡುಗಡೆ, ಅತಿ ಹೆಚ್ಚು ಬೇಕಾದವರ ಸುತ್ತ ಇನ್ನೂ ಹೊಗೆ. ಸಾರ್ವಜನಿಕ ಆರೋಗ್ಯದವರು ಈ ಮಾತನ್ನು ಇನ್ನಷ್ಟು ಜೋರಾಗಿ ಹೇಳಬೇಕಿತ್ತು ಅನ್ನಿಸುತ್ತದೆ.

ತಕರಾರು ಬರಲು ತಡವಾಗಲಿಲ್ಲ. ಅದೇ 2008ರ ಕೊನೆಗೆ ಈಥನ್ ಕೋಹೆನ್-ಕೋಲ್ ಮತ್ತು ಜೇಸನ್ ಫ್ಲೆಚರ್ ಎಂಬ ಇಬ್ಬರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ತುಂಟ ಪ್ರಯೋಗ ಮಾಡಿದರು. ಬೇರೊಂದು ಅಧ್ಯಯನದ ಹದಿಹರೆಯದವರ ಮಾಹಿತಿಗೆ ಇದೇ ಬಗೆಯ ಲೆಕ್ಕ ಹಾಕಿದರೆ ಮೊಡವೆಯೂ ಹಬ್ಬುತ್ತದೆ, ತಲೆನೋವೂ ಹಬ್ಬುತ್ತದೆ, ಕಡೆಗೆ ಎತ್ತರವೂ ಗೆಳೆಯನಿಂದ ಗೆಳೆಯನಿಗೆ ಅಂಟುತ್ತದೆ! ಗೆಳೆಯ ಉದ್ದವಾದನೆಂದು ನಾವು ಉದ್ದವಾಗುವುದಿಲ್ಲವಲ್ಲ. ಒಂದೇ ತರಹದವರು ಒಟ್ಟು ಸೇರುವುದನ್ನೂ ಒಬ್ಬರು ಇನ್ನೊಬ್ಬರನ್ನು ಬದಲಾಯಿಸುವುದನ್ನೂ ಬೇರ್ಪಡಿಸಲು ಈ ಲೆಕ್ಕಕ್ಕೆ ಆಗುವುದಿಲ್ಲ ಎಂಬುದು ಅವರ ವಾದ. 2011ರಲ್ಲಿ ರಸೆಲ್ ಲಯನ್ಸ್ ಎಂಬ ಗಣಿತಜ್ಞರು ಇನ್ನೂ ಖಾರವಾಗಿ ಬರೆದರು. ಕ್ರಿಸ್ಟಾಕಿಸ್ ಮತ್ತು ಫೌಲರ್ ಉತ್ತರ ಕೊಟ್ಟರು, ಲೆಕ್ಕದ ಮಿತಿಗಳನ್ನೂ ಚರ್ಚಿಸಿದರು. ಶೇ. 36 ಎಂಬ ಅಂಕಿಗೆ ಜೋತುಬೀಳಬೇಕಿಲ್ಲ. ಪಂಕ್ತಿ ಎದ್ದ ಚಿತ್ರ ಮಾತ್ರ ಅಷ್ಟು ಸುಲಭಕ್ಕೆ ಅಳಿಸಿಹೋಗುವಂಥದ್ದಲ್ಲ.

ಹಾಗಾದರೆ ಬಿಡುವವನಿಗೆ ಒಬ್ಬ ಬೆಂಬಲಿಗನನ್ನು ನೇಮಿಸಿಬಿಟ್ಟರೆ ಆಯಿತಲ್ಲ? ಇಲ್ಲಿ ಕತೆ ಎಡವುತ್ತದೆ. ಸಂಗಾತಿಯ ಬೆಂಬಲ ಹೆಚ್ಚಿಸಲು ಹೊರಟ ಪ್ರಯೋಗಗಳನ್ನೆಲ್ಲ ಒಟ್ಟುಹಾಕಿ ನೋಡಿದ ಕೊಕ್ರೇನ್ ಸಂಸ್ಥೆಯ 2018ರ ಪರಿಶೀಲನೆಗೆ ಅದರಿಂದ ಹೆಚ್ಚು ಜನ ಬಿಟ್ಟರೆಂಬುದಕ್ಕೆ ಪುರಾವೆ ಸಿಗಲಿಲ್ಲ. ತರಬೇತಿ ಕೊಟ್ಟರೂ ಎಷ್ಟೋ ಕಡೆ ಬೆಂಬಲವೇ ಹೆಚ್ಚಿರಲಿಲ್ಲ. ಯಾಕಿರಬಹುದು ಎಂಬುದರ ಸುಳಿವು ಶೆಲ್ಡನ್ ಕೋಹೆನ್, ಎಡ್ವರ್ಡ್ ಲಿಕ್ಟನ್‌ಸ್ಟೈನ್ ಅವರ 1990ರ ಒಂದು ಪ್ರಶ್ನಾವಳಿಯಲ್ಲಿದೆ. ಇಪ್ಪತ್ತೇ ಪ್ರಶ್ನೆ. ಬಿಡುವ ನಿರ್ಧಾರಕ್ಕೆ ಶಹಭಾಸ್ ಹೇಳಿದರೇ, ಬದಲಿಗೆ ಏನು ಮಾಡಬಹುದೆಂದು ಯೋಚಿಸಲು ಜೊತೆ ಕೊಟ್ಟರೇ ಎನ್ನುವುದು ಒಂದು ಕಡೆ. ಮನೆಯೆಲ್ಲ ಹೊಗೆ ವಾಸನೆ ಅಂದರೇ, ಕೊಳಕು ಚಟ ಅಂದರೇ ಎನ್ನುವುದು ಇನ್ನೊಂದು ಕಡೆ. ಮೊದಲನೆಯದು ಎಷ್ಟು, ಎರಡನೆಯದು ಎಷ್ಟು ಎಂಬ ಪ್ರಮಾಣದ ಮೇಲೆ ಯಾರು ಬಿಟ್ಟು ನಿಂತರು ಎನ್ನುವುದು ಕಾಣುತ್ತಿತ್ತು. ಬಹಳಷ್ಟು ಮನೆಗಳಲ್ಲಿ ಪ್ರೋತ್ಸಾಹದ ಹೆಸರಿನಲ್ಲಿ ನಡೆಯುವುದು ಎರಡನೆಯದೇ.

ಇಂಗ್ಲೆಂಡಿನವರು ಬೇರೆ ದಾರಿ ಹಿಡಿದರು. ಯಾರನ್ನೂ ಕಾವಲಿಗೆ ನಿಲ್ಲಿಸದೆ, ಎಲ್ಲರೂ ಒಂದೇ ದಿನ ಬಿಡೋಣ ಎಂದರು. 2012ರ ಅಕ್ಟೋಬರಿನಲ್ಲಿ ಶುರುವಾದ ಆ 28 ದಿನಗಳ ಅಭಿಯಾನಕ್ಕೆ ಸ್ಟಾಪ್ಟೋಬರ್ ಎಂದು ಹೆಸರು. ಒಬ್ಬರನ್ನು ನೋಡಿ ಒಬ್ಬರು ಎಂಬ ತತ್ವವನ್ನು ಬೇಕೆಂದೇ ಅದರಲ್ಲಿ ಬೆಸೆದಿದ್ದರು. ಮೊದಲ ವರ್ಷವೇ ಸುಮಾರು ಮೂರೂವರೆ ಲಕ್ಷ ಹೆಚ್ಚುವರಿ ಪ್ರಯತ್ನಗಳಾದವೆಂದು ಸಂಶೋಧಕರು ಅಂದಾಜಿಸಿದರು. ಪ್ರಯತ್ನ, ನೆನಪಿರಲಿ. ಬಿಟ್ಟೇಬಿಟ್ಟವರ ಲೆಕ್ಕ ಅದಲ್ಲ.

ನನಗೆ ಇದರಲ್ಲೆಲ್ಲ ಅಚ್ಚುಮೆಚ್ಚಿನದು ಥಾಯ್ಲೆಂಡಿನ ನಖೋನ್ ನಾಯೋಕ್ ಪ್ರಾಂತ್ಯದ ಹಳ್ಳಿಗಳಲ್ಲಿ ನಡೆದದ್ದು. 2013ರಲ್ಲಿ ಪ್ರಕಟವಾದ ಪ್ರಯೋಗ ಅದು, ಸೇರಿದವರು ಇನ್ನೂರು ಚಿಲ್ಲರೆ ಜನ. ಎಲ್ಲರಿಗೂ ಆಪ್ತಸಲಹೆ ಕೊಟ್ಟರು. ಅವರಲ್ಲಿ ಒಂದು ಪಾಲಿನವರನ್ನು ಇಬ್ಬಿಬ್ಬರ ಜೋಡಿ ಮಾಡಿ, ತಮ್ಮದೇ ದುಡ್ಡು ಠೇವಣಿ ಇಡಿಸಿದರು. ಬಿಟ್ಟರೆ ದುಡ್ಡು ವಾಪಸ್, ಜೋಡಿಯ ಇಬ್ಬರೂ ಬಿಟ್ಟರೆ ಮೇಲೊಂದು ಬೋನಸ್. ಆರು ತಿಂಗಳ ನಂತರ ಪರೀಕ್ಷಿಸಿ ನೋಡಿದರೆ ಬರೀ ಸಲಹೆ ಪಡೆದವರಲ್ಲಿ ನೂರಕ್ಕೆ ಸುಮಾರು 19 ಜನ, ಜೋಡಿಯಲ್ಲಿದ್ದವರಲ್ಲಿ 44 ಜನ ಸೇದುತ್ತಿರಲಿಲ್ಲ. ದುಡ್ಡು ಕೆಲಸ ಮಾಡಿತೋ ಜೋಡಿಯೋ? ಎರಡನ್ನೂ ಒಟ್ಟಿಗೇ ಕೊಟ್ಟಿದ್ದರಿಂದ ಆ ಪ್ರಯೋಗದೊಳಗೆ ಬಿಡಿಸಿ ನೋಡಲು ಬರುವುದಿಲ್ಲ. ನನ್ನ ವೋಟು ಜೋಡಿಗೆ. ಹಳ್ಳಿಯಲ್ಲಿ ಠೇವಣಿ ಹೋದರೆ ತನ್ನೊಬ್ಬನದು ಹೋಗುತ್ತದೆ. ಕದ್ದು ಒಂದು ಸಿಗರೇಟು ಹಚ್ಚಿದರೆ ಜೊತೆಗಾರನ ಬೋನಸ್ಸೂ ಹೋಗುತ್ತದೆ, ಮತ್ತೆ ನಾಳೆ ಬೆಳಿಗ್ಗೆ ಅವನ ಮನೆ ಮುಂದೆಯೇ ಹಾದು ಗದ್ದೆಗೆ ಹೋಗಬೇಕು.