ಕುದುರೆಗಳ ಅಂತರರಾಷ್ಟ್ರೀಯ ಸಾಗಣೆ

ಕುದುರೆಗಳ ಅಂತರರಾಷ್ಟ್ರೀಯ ಸಾಗಣೆ ಎಂದರೆ ಓಟ, ಕ್ರೀಡೆ, ತಳಿ ಸಂವರ್ಧನೆ ಅಥವಾ ಮಾರಾಟಕ್ಕಾಗಿ ಕುದುರೆಗಳನ್ನು ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಒಯ್ಯುವುದು. ಕುದುರೆಯೊಡನೆ ಸೋಂಕೂ ಗಡಿ ದಾಟಬಹುದಾದ್ದರಿಂದ ಇದಕ್ಕೆ ದಾಖಲೆ, ತಪಾಸಣೆ ಮತ್ತು ಕ್ವಾರಂಟೈನ್ ನಿಯಮಗಳು ಅನ್ವಯಿಸುತ್ತವೆ.

ದಾಖಲೆಗಳು

ಕುದುರೆಯ ಪಾಸ್‌ಪೋರ್ಟ್ ಅದರ ಗುರುತಿನ ದಾಖಲೆ. ಮೈಬಣ್ಣ, ಹಣೆ ಮತ್ತು ಕಾಲುಗಳ ಬಿಳಿ ಗುರುತುಗಳು, ಕೂದಲಿನ ಸುಳಿಗಳು ಇದರಲ್ಲಿನ ರೇಖಾಚಿತ್ರದಲ್ಲಿ ನಮೂದಾಗುತ್ತವೆ. ಮೈಕ್ರೋಚಿಪ್ ಸಂಖ್ಯೆ ಹಾಗೂ ಲಸಿಕೆಗಳ ವಿವರವೂ ಇರುತ್ತದೆ. ಪಾಸ್‌ಪೋರ್ಟ್ ಕುದುರೆ ಯಾವುದೆಂದು ತಿಳಿಸುತ್ತದೆಯೇ ಹೊರತು ಅದು ಸದ್ಯ ಆರೋಗ್ಯವಾಗಿದೆಯೆಂದು ಸಾರುವುದಿಲ್ಲ. ಅದಕ್ಕಾಗಿ ಕಳುಹಿಸುವ ದೇಶದ ಅಧಿಕೃತ ಪಶುವೈದ್ಯರು ಪ್ರಯಾಣಕ್ಕೆ ಮುನ್ನ ಪರೀಕ್ಷಿಸಿ ಆರೋಗ್ಯ ಪ್ರಮಾಣಪತ್ರ ನೀಡುತ್ತಾರೆ. ಇದರ ಷರತ್ತುಗಳನ್ನು ಬರಮಾಡಿಕೊಳ್ಳುವ ದೇಶವೇ ವಿಧಿಸುತ್ತದೆ. ಸ್ಪರ್ಧೆ ಮುಗಿಸಿ ಮರಳುವ ಕುದುರೆಗಳಿಗೆ ಹಲವು ದೇಶಗಳು ಎಟಿಎ ಕಾರ್ನೆ ಎಂಬ ತಾತ್ಕಾಲಿಕ ಸುಂಕಪತ್ರವನ್ನು ಒಪ್ಪುತ್ತವೆ.

ರೋಗ ತಪಾಸಣೆ

1924ರಲ್ಲಿ ಸ್ಥಾಪಿತವಾದ, ಪ್ಯಾರಿಸ್ ಕೇಂದ್ರಿತ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯು ಈ ಕುರಿತ ಮಾನದಂಡಗಳನ್ನು ರೂಪಿಸುತ್ತದೆ. ಮುಖ್ಯವಾಗಿ ಗಮನಿಸುವ ರೋಗಗಳು ಇವು:

* ಗ್ಲ್ಯಾಂಡರ್ಸ್: ಮನುಷ್ಯರಿಗೂ ಹರಡಬಲ್ಲ, ಮಾರಕವಾಗಬಲ್ಲ ಬ್ಯಾಕ್ಟೀರಿಯಾ ರೋಗ.
* ಅಶ್ವ ಸಾಂಕ್ರಾಮಿಕ ರಕ್ತಹೀನತೆ: ಸೋಂಕು ತಗುಲಿದ ಕುದುರೆ ಲಕ್ಷಣಗಳಿಲ್ಲದೆಯೂ ಜೀವಮಾನವಿಡೀ ವೈರಸ್ ಹೊತ್ತಿರುತ್ತದೆ. ಆದ್ದರಿಂದ ರಕ್ತವನ್ನು ಕಾಗಿನ್ಸ್ ಪರೀಕ್ಷೆಗೆ ಒಳಪಡಿಸುತ್ತಾರೆ.
* ಆಫ್ರಿಕನ್ ಕುದುರೆ ಬೇನೆ: ಕಚ್ಚುವ ನುಸಿಗಳಿಂದ ಹರಡುತ್ತದೆ. ಹೀಗಾಗಿ ಕ್ವಾರಂಟೈನ್ ಲಾಯಗಳಿಗೆ ಕೀಟ ನುಸುಳದ ಬಲೆ ಅಗತ್ಯವಾಗಬಹುದು.

ಪ್ರಮುಖ ಘಟನೆಗಳು

1956ರ ಒಲಿಂಪಿಕ್ಸ್ ಮೆಲ್ಬರ್ನ್‌ನಲ್ಲಿ ನಡೆದರೂ, ಆಸ್ಟ್ರೇಲಿಯಾದ ಕಟ್ಟುನಿಟ್ಟಾದ ಕ್ವಾರಂಟೈನ್ ನಿಯಮಗಳಿಂದಾಗಿ ಅಶ್ವಾರೋಹಣ ಸ್ಪರ್ಧೆಗಳನ್ನು ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ ನಡೆಸಬೇಕಾಯಿತು. ಇಂಥ ಬಿಗಿ ನಿಯಮಗಳ ನಡುವೆಯೂ 2007ರಲ್ಲಿ ಆಮದು ಕುದುರೆಗಳ ಮೂಲಕ ಬಂದ ಅಶ್ವ ಇನ್‌ಫ್ಲುಯೆಂಜಾ ಕ್ವಾರಂಟೈನ್ ಕೇಂದ್ರದಿಂದ ಹೊರಗೆ ಹರಡಿತು. ನ್ಯೂ ಸೌತ್ ವೇಲ್ಸ್ ಮತ್ತು ಕ್ವೀನ್ಸ್‌ಲ್ಯಾಂಡ್‌ಗಳಲ್ಲಿ ಕುದುರೆಗಳ ಸಂಚಾರವೂ ಓಟಗಳೂ ಸ್ಥಗಿತಗೊಂಡವು. ದಾಖಲೆಗಳು ಸರಿಯಿದ್ದರೂ ಕೇಂದ್ರದ ದಿನನಿತ್ಯದ ಶುಚಿತ್ವ ಕ್ರಮ ಸಡಿಲಗೊಂಡರೆ ರಕ್ಷಣೆ ಸಾಲದೆಂಬುದನ್ನು ಈ ಘಟನೆ ತೋರಿಸಿತು.

ಭಾರತದಲ್ಲಿ

ಕುದುರೆಗಳ ಆಮದಿಗೆ 1898ರ ಜಾನುವಾರು ಆಮದು ಕಾಯಿದೆ ಅನ್ವಯಿಸುತ್ತದೆ. ದೆಹಲಿ, ಮುಂಬಯಿ, ಚೆನ್ನೈ, ಬೆಂಗಳೂರು ಮೊದಲಾದೆಡೆ ಪ್ರಾಣಿ ಕ್ವಾರಂಟೈನ್ ಕೇಂದ್ರಗಳಿವೆ. ದೇಶದ ಕೆಲವೆಡೆ ಗ್ಲ್ಯಾಂಡರ್ಸ್ ಕಾಣಿಸಿಕೊಳ್ಳುವುದರಿಂದ ಇಲ್ಲಿನ ಕುದುರೆಗಳನ್ನು ಹೊರದೇಶಗಳ ಸ್ಪರ್ಧೆಗೆ ಒಯ್ಯುವುದು ದೀರ್ಘಕಾಲ ಕಷ್ಟವಾಗಿತ್ತು. ಬೆಂಗಳೂರಿನ ಫವಾದ್ ಮಿರ್ಜಾ ಸೇರಿದಂತೆ ಅಂತರರಾಷ್ಟ್ರೀಯ ಮಟ್ಟದ ಭಾರತೀಯ ಸವಾರರು ಯುರೋಪಿನಲ್ಲಿದ್ದು, ಅಲ್ಲಿಯ ಕುದುರೆಗಳೊಡನೆ ಅಭ್ಯಾಸ ಮಾಡಿದ್ದಾರೆ. 2025ರಲ್ಲಿ ಮೀರತ್ ದಂಡುಪ್ರದೇಶದ ಸೇನಾ ಪಶುವೈದ್ಯಕೀಯ ಕೇಂದ್ರದಲ್ಲಿ ದೇಶದ ಮೊದಲ ರೋಗಮುಕ್ತ ಅಶ್ವ ವಲಯಕ್ಕೆ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯ ಮಾನ್ಯತೆ ದೊರೆಯಿತು. ಭಾರತದ ಕುದುರೆಗಳು ಇಲ್ಲಿಂದಲೇ ವಿದೇಶಿ ಸ್ಪರ್ಧೆಗಳಿಗೆ ತೆರಳಲು ಅನುವಾಗುವುದು ಇದರ ಉದ್ದೇಶ.